ರೋಗಿಯ ಎಲೆಯಲ್ಲಿಯೂ ಶ್ರೀಹರಿ



ಹಿಂದಿನ ಆರಾಧನೆಯ ದಿನ ನಮ್ಮ ಶಾಖಾಮಠದಲ್ಲಿ ಮಹಾಪೂಜೆ ಮುಗಿದು, ತೀರ್ಥ ವಿನಿಯೋಗವಾಗಿ, ಪಂಕ್ತಿಗೆ ಎಲೆ ಹಾಕುವ ಹೊತ್ತು. ಡೊಂಬಿವಲಿಯಿಂದ ಲೋಕಲ್ ಗಾಡಿಯಲ್ಲಿ ಬಂದಿದ್ದ, ಅರವತ್ತು ದಾಟಿದ ಗೃಹಸ್ಥರೊಬ್ಬರು ಬಾಗಿಲ ಬಳಿ ಪಾದರಕ್ಷೆ ಹುಡುಕುತ್ತಿದ್ದರು. ‘ಪ್ರಸಾದಕ್ಕೆ ಕುಳಿತುಕೊಳ್ಳಿ ರಾಯರೇ’ ಎಂದೆ. ಅವರು ಕೈಮುಗಿದು ನುಡಿದರು: ‘ಆಚಾರ್ಯರೇ, ಹದಿನೆಂಟು ವರ್ಷದಿಂದ ಸಕ್ಕರೆ ಕಾಯಿಲೆ. ಈಗ ಮೂತ್ರಪಿಂಡವೂ ಕೈಕೊಟ್ಟಿದೆ. ಎಲೆಯ ಮುಂದೆ ಕುಳಿತು, ಬಡಿಸಲು ಬಂದವರಿಗೆಲ್ಲ ಕೈ ಅಡ್ಡ ಹಿಡಿಯುವುದೆಂದರೆ ಗುರುಗಳ ಪ್ರಸಾದವನ್ನೇ ತಿರಸ್ಕರಿಸಿದಂತೆ. ಅದಕ್ಕಿಂತ ಹೊರಟುಬಿಡುವುದು ಲೇಸು. ಏಕಾದಶಿ ಬಿಟ್ಟುಹೋಯಿತು, ಪ್ರಸಾದವೂ ಬಿಟ್ಟುಹೋಯಿತು. ಇನ್ನು ನಾನು ಯಾವ ಸೀಮೆಯ ವೈಷ್ಣವ?’

ಆ ಕ್ಷಣದಲ್ಲಿ ನನಗೆ ತಕ್ಕ ಉತ್ತರ ಹೊಳೆಯಲಿಲ್ಲ. ಅವರು ಹೊರಟುಹೋದರು. ಈ ತಿಂಗಳ ಪ್ರವಚನವು ಅವರಿಗೆ ಅಂದು ಕೊಡಬೇಕಾಗಿದ್ದ ಉತ್ತರವೆಂದು ಭಾವಿಸಿರಿ.

ಈ ಪ್ರಶ್ನೆ ಒಬ್ಬರದಲ್ಲ. 2023ರಲ್ಲಿ ಪ್ರಕಟವಾದ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ಸಮೀಕ್ಷೆಯಂತೆ ನಮ್ಮ ದೇಶದಲ್ಲಿ ಮಧುಮೇಹಿಗಳ ಸಂಖ್ಯೆ ಹತ್ತು ಕೋಟಿಯನ್ನು ಮೀರಿದೆ. ನಗರವಾಸಿಗಳಾದ ನಮ್ಮಲ್ಲಿ ಅಳತೆಯ ಊಟದವರು ಒಬ್ಬರಾದರೂ ಇಲ್ಲದ ಬಂಧುವರ್ಗವೇ ವಿರಳ. ಮಧುಮೇಹಿಗೆ ಅನ್ನ ವಾಟಿಯ ಲೆಕ್ಕ. ಮೂತ್ರಪಿಂಡ ಸೋತವರಿಗಂತೂ ಉಪ್ಪು ಅಳತೆ, ಬೇಳೆ ಅಳತೆ. ತರಕಾರಿಯನ್ನು ಹೆಚ್ಚು ನೀರಿನಲ್ಲಿ ಬೇಯಿಸಿ ಆ ನೀರನ್ನು ಬಸಿದು ಚೆಲ್ಲಿ ತಿನ್ನಬೇಕು. ಬಾಳೆಹಣ್ಣು, ಎಳನೀರುಗಳಲ್ಲಿ ಪೊಟ್ಯಾಸಿಯಂ ಅಧಿಕ. ಅದನ್ನು ಹೊರಹಾಕಲಾರದ ದೇಹದಲ್ಲಿ ಅದು ಹೃದಯದ ಬಡಿತವನ್ನೇ ಕೆಡಿಸಬಲ್ಲದು. ವಾರಕ್ಕೆ ಎರಡು ಮೂರು ಬಾರಿ ನಾಲ್ಕು ನಾಲ್ಕು ತಾಸು ಡಯಾಲಿಸಿಸ್ ಯಂತ್ರದ ಪಕ್ಕದಲ್ಲಿ ಮಲಗುವವರಿಗೆ ಕುಡಿಯುವ ನೀರೂ ಅಳತೆಯದು. ಸಾರು, ಮಜ್ಜಿಗೆ, ಕಾಫಿ ಎಲ್ಲವೂ ಅದೇ ಲೆಕ್ಕಕ್ಕೆ ಸೇರುತ್ತವೆ. ಇದು ಒಂದು ದಿನದ ಮಾತಲ್ಲ. ಬದುಕಿರುವವರೆಗೆ ದಿನಕ್ಕೆ ಮೂರು ಹೊತ್ತಿನ ಮಾತು.

ಆದರೆ ಸಜ್ಜನರೇ, ಆಹಾರನಿಯಮ ನಮಗೆ ಹೊಸದೇ? ಚಾತುರ್ಮಾಸ್ಯದಲ್ಲಿ ಮೊದಲ ತಿಂಗಳು ಶಾಕವ್ರತ, ಎರಡನೆಯದು ದಧಿವ್ರತ, ಮೂರನೆಯದು ಕ್ಷೀರವ್ರತ, ನಾಲ್ಕನೆಯದು ದ್ವಿದಳವ್ರತ. ಒಂದು ತಿಂಗಳು ತರಕಾರಿ ಇಲ್ಲದೆ, ಮತ್ತೊಂದು ತಿಂಗಳು ಮೊಸರಿಲ್ಲದೆ ಅಡಿಗೆ ನಡೆಸಿದ ನಮ್ಮ ತಾಯಂದಿರು ಅದನ್ನು ಎಂದೂ ಕೊರತೆಯೆಂದು ಗೊಣಗಿದವರಲ್ಲ. ಇಂದು ವೈದ್ಯರು ಬರೆದುಕೊಟ್ಟ ಪಟ್ಟಿಯೂ ಬಿಡು ಎಂದೇ ಹೇಳುತ್ತದೆ. ಎರಡಕ್ಕೂ ಇರುವ ಅಂತರ ಒಂದೇ: ವ್ರತಕ್ಕೆ ಸಂಕಲ್ಪವಿದೆ, ಪಥ್ಯಕ್ಕೆ ಸಂಕಲ್ಪವಿಲ್ಲ. ಶ್ರೀಹರಿಪ್ರೀತ್ಯರ್ಥವಾಗಿ ಬಿಟ್ಟ ಪಡವಲಕಾಯಿ ನಮಗೆ ಸಂತೋಷವನ್ನು ಕೊಡುತ್ತದೆ; ವೈದ್ಯರ ಭಯದಿಂದ ಬಿಟ್ಟ ಪಾಯಸ ದುಃಖವನ್ನು ಕೊಡುತ್ತದೆ. ಆದ್ದರಿಂದ ಪಥ್ಯಕ್ಕೂ ಸಂಕಲ್ಪವನ್ನು ಜೋಡಿಸಬೇಕು. ‘ಈ ದೇಹ ನನ್ನದಲ್ಲ, ಸ್ವತಂತ್ರನಾದ ಹರಿಯು ಸಾಧನೆಗಾಗಿ ನನಗಿತ್ತುದು, ಇದನ್ನು ಅವನ ಸೇವೆಗೆ ಯೋಗ್ಯವಾಗಿ ಇಟ್ಟುಕೊಳ್ಳಲೆಂದು ಇಂದು ಇಷ್ಟೇ ಉಣ್ಣುವೆನು’ ಎಂದು ಬೆಳಿಗ್ಗೆ ದೇವರ ಮುಂದೆ ಹೇಳಿಕೊಂಡವನಿಗೆ ವೈದ್ಯರ ಪಟ್ಟಿಯೇ ವ್ರತದ ನಿಯಮವಾಗುತ್ತದೆ. ಅವನದು ಹನ್ನೆರಡು ತಿಂಗಳ ಚಾತುರ್ಮಾಸ್ಯ.

ಇನ್ನು ಏಕಾದಶಿಯ ವಿಚಾರ. ನಮ್ಮ ಸಂಪ್ರದಾಯದಲ್ಲಿ ಇದರಷ್ಟು ದೃಢವಾದ ನಿಯಮ ಬೇರೊಂದಿಲ್ಲ. ಅದನ್ನು ಸಡಿಲಿಸಲು ನಾನು ಹೊರಟಿಲ್ಲ. ಆದರೆ ಗೀತೆಯ ಆರನೆಯ ಅಧ್ಯಾಯದಲ್ಲಿ ಭಗವಂತನು, ಅತಿಯಾಗಿ ಉಣ್ಣುವವನಿಗೂ ಏನನ್ನೂ ಉಣ್ಣದವನಿಗೂ ಯೋಗವಿಲ್ಲವೆನ್ನುತ್ತಾನೆ. ಹಾಗಾದರೆ ಉಪವಾಸ ನಿಷಿದ್ಧವೇ ಎಂಬ ಶಂಕೆಗೆ ಶ್ರೀಮದಾಚಾರ್ಯರು ಗೀತಾಭಾಷ್ಯದಲ್ಲಿ ಸಮಾಧಾನವಿತ್ತಿದ್ದಾರೆ. ಅದರ ತಾತ್ಪರ್ಯ ಇಷ್ಟು: ಊಟ ಬಿಡಬಾರದೆಂಬ ನಿಷೇಧ ಅಶಕ್ತನನ್ನು ಕುರಿತದ್ದು. ಶಕ್ತನು ಅವನ್ನು ಬಿಟ್ಟು ಧ್ಯಾನಿಸಬಲ್ಲನು. ಶಕ್ತ, ಅಶಕ್ತ ಎಂಬ ಈ ವಿಭಾಗವನ್ನು ಮರೆತಲ್ಲಿಯೇ ನಮ್ಮ ತೊಂದರೆ ಹುಟ್ಟುತ್ತದೆ. ಮಹಾಭಾರತದ ಉದ್ಯೋಗಪರ್ವದಲ್ಲಿಯೂ ವ್ರತವನ್ನು ಕೆಡಿಸದ ಎಂಟು ಸಂಗತಿಗಳ ಎಣಿಕೆ ಬರುತ್ತದೆ. ನೀರು, ಹಣ್ಣು, ಹಾಲುಗಳ ಜೊತೆಗೆ ಗುರುವಿನ ಮಾತು ಮತ್ತು ಔಷಧ ಇವೆರಡೂ ಅದರಲ್ಲಿ ಸೇರಿವೆ.

ಕೆಲವು ವರ್ಷಗಳ ಹಿಂದೆ ನಡೆದುದನ್ನು ಹೇಳುತ್ತೇನೆ. ಇನ್ಸುಲಿನ್ ತೆಗೆದುಕೊಳ್ಳುತ್ತಿದ್ದ ವೃದ್ಧೆಯೊಬ್ಬರು ಮಕ್ಕಳಿಗೆ ತಿಳಿಸದೆ ನಿರ್ಜಲ ಏಕಾದಶಿ ಮಾಡಿದರು. ಸೂಜಿಮದ್ದನ್ನು ಮಾತ್ರ ಎಂದಿನ ಅಳತೆಯಲ್ಲಿಯೇ ಚುಚ್ಚಿಕೊಂಡರು. ರಾತ್ರಿಯ ಹೊತ್ತಿಗೆ ಮೈಯೆಲ್ಲ ಬೆವೆತು, ಕೈಕಾಲು ನಡುಗಿ, ಮಾತು ತೊದಲಿತು. ‘ಪಾರಣೆಯವರೆಗೆ ಏನೂ ಬೇಡ’ ಎಂದು ಸಕ್ಕರೆ ನೀರನ್ನೂ ತಳ್ಳಿದರಂತೆ. ದ್ವಾದಶಿಯ ಬೆಳಗನ್ನು ಅವರು ಕಂಡದ್ದು ಆಸ್ಪತ್ರೆಯಲ್ಲಿ, ಪ್ರಜ್ಞೆ ಇಲ್ಲದೆ. ಶ್ರೀಹರಿಯ ದಯೆಯಿಂದ ಬದುಕಿ ಉಳಿದರು. ಪಾರಣೆಗೆಂದು ಮನೆಯಲ್ಲಿ ಬೆಳಗಿನ ಜಾವವೇ ಮಾಡಿದ ಅಡಿಗೆಯನ್ನು ಉಣ್ಣಲು ಯಾರೂ ಇರಲಿಲ್ಲ.

ಸಜ್ಜನರು ಇದನ್ನು ಚೆನ್ನಾಗಿ ತಿಳಿಯಬೇಕು. ಇನ್ಸುಲಿನ್ನೂ, ಗ್ಲಿಮೆಪಿರೈಡ್ ಮುಂತಾದ ಕೆಲವು ಮಾತ್ರೆಗಳೂ ನಾವು ಉಂಡರೂ ಉಣ್ಣದಿದ್ದರೂ ರಕ್ತದ ಸಕ್ಕರೆಯನ್ನು ಇಳಿಸುತ್ತಲೇ ಇರುತ್ತವೆ. ಅದು ಡೆಸಿಲೀಟರಿಗೆ 70 ಮಿಲಿಗ್ರಾಮಿಗಿಂತ ಕೆಳಗಿಳಿದರೆ ಅಪಾಯ. ಹಾಗೆ ಇಳಿದು ರೋಗಿಗೆ ಎಚ್ಚರವಿದ್ದಾಗ, ಏಕಾದಶಿಯೇ ಇರಲಿ ಶ್ರಾದ್ಧದ ದಿನವೇ ಇರಲಿ, ಮೂರು ಚಮಚ ಸಕ್ಕರೆಯನ್ನು ನೀರಿನಲ್ಲಿ ಕದಡಿ ಕೂಡಲೆ ಕುಡಿಯಬೇಕು. ಎಚ್ಚರ ತಪ್ಪಿದವರ ಬಾಯಿಗೆ ಏನನ್ನೂ ಹಾಕದೆ ಆಸ್ಪತ್ರೆಗೆ ಒಯ್ಯಬೇಕು. ಅಂಥ ಹೊತ್ತಿನಲ್ಲಿ ಆ ಸಕ್ಕರೆ ಆಹಾರವಲ್ಲ, ಔಷಧ. ಉಪವಾಸಕ್ಕಾಗಿ ಮದ್ದನ್ನು ತಾವಾಗಿಯೇ ಬಿಡುವುದೂ ಅಷ್ಟೇ ಅಪಾಯಕರ.

‘ಹಾಗಾದರೆ ಫಲಾಹಾರ ಮಾಡಿದರಾಯಿತು’ ಎನ್ನುವವರಿಗೂ ಒಂದು ಎಚ್ಚರಿಕೆಯ ಮಾತು. ಈ ಮುಂಬಯಿಯಲ್ಲಿ ಉಪವಾಸವೆಂದರೆ ಸಾಬೂದಾಣಿ ಖಿಚಡಿ, ಆಲೂಗಡ್ಡೆ, ಶೇಂಗಾ ಎಂದಾಗಿದೆ. ಸಾಬೂದಾಣಿ ಬಹುಪಾಲು ಪಿಷ್ಟವೇ. ಮಧುಮೇಹಿಗೆ ಅನ್ನಕ್ಕಿಂತ ಅದು ಹಿತವಲ್ಲ. ಮೂತ್ರಪಿಂಡದ ರೋಗಿಗೆ ಆಲೂಗಡ್ಡೆ, ಬಾಳೆಹಣ್ಣು, ಎಳನೀರುಗಳ ಫಲಾಹಾರ ಊಟಕ್ಕಿಂತ ಹೆಚ್ಚು ಅಪಾಯ. ರಕ್ತದೊತ್ತಡದವರು ಸೈಂಧವ ಲವಣವೆಂದು ಧಾರಾಳವಾಗಿ ಹಾಕಿಕೊಳ್ಳುತ್ತಾರೆ. ಅದೂ ಬಹುಮಟ್ಟಿಗೆ ಉಪ್ಪೇ. ಶಾಕವ್ರತದ ತಿಂಗಳಲ್ಲಿಯೂ ತರಕಾರಿ ಹೋಗಿ ಅನ್ನ ಬೇಳೆಗಳು ಹೆಚ್ಚುವುದನ್ನು ಇಂಥವರು ಗಮನಿಸಬೇಕು. ಆದುದರಿಂದ ಯಾವ ವ್ರತವನ್ನು ಎಷ್ಟರಮಟ್ಟಿಗೆ ಮಾಡಬಹುದೆಂದು ಮೊದಲು ವೈದ್ಯರನ್ನು, ಅನಂತರ ಗುರುಗಳನ್ನು ಕೇಳಿರಿ. ಇಬ್ಬರಿಗೂ ನಿಜವನ್ನೇ ಹೇಳಿರಿ. ಅಶಕ್ತನ ಪರವಾಗಿ ಮಗನೋ ಪತ್ನಿಯೋ ಉಪವಾಸ ಮಾಡುವ ಪ್ರತಿನಿಧಿಕ್ರಮವನ್ನು ಧರ್ಮಶಾಸ್ತ್ರವೇ ತಿಳಿಸಿದೆ. ಊಟವೊಂದನ್ನು ಬಿಡಲಾಗದವನಿಗೆ ಏಕಾದಶಿಯ ಉಳಿದ ಅಂಗಗಳೆಲ್ಲ ತೆರೆದೇ ಇವೆ: ತಾಂಬೂಲ ಬಿಡುವುದು, ಹರಟೆ ಬಿಡುವುದು, ಸಿಟ್ಟು ಬಿಡುವುದು, ಪಾರಾಯಣ, ಶ್ರವಣ, ಸ್ಮರಣೆ. ಆದರೆ ಇದನ್ನು ಓದಿ, ಗಟ್ಟಿಮುಟ್ಟಾಗಿರುವ ತರುಣರು ‘ನಮಗೂ ವಿನಾಯಿತಿ ದೊರೆಯಿತು’ ಎಂದು ತಿಳಿಯಬಾರದು. ಅಶಕ್ತನಿಗೆ ಹೇಳಿದ ಮಾತು ಆಲಸಿಗೆ ಸಲ್ಲದು.

ಈಗ ಪ್ರಸಾದದ ಪ್ರಶ್ನೆಗೆ ಬರೋಣ. ಹರಿಕಥಾಮೃತಸಾರದ ಭೋಜನಸಂಧಿಯನ್ನು ನಿತ್ಯ ಪಾರಾಯಣ ಮಾಡುವವರು ನಮ್ಮಲ್ಲಿ ಅನೇಕರಿದ್ದಾರೆ. ಎಲೆಯ ಮೇಲಿನ ಒಂದೊಂದು ಪದಾರ್ಥದಲ್ಲಿಯೂ ಭಗವಂತನ ಒಂದೊಂದು ರೂಪವನ್ನು ಅಲ್ಲಿ ಚಿಂತಿಸಲಾಗಿದೆ. ಅನ್ನದಲ್ಲಿ ಕೇಶವ, ಪರಮಾನ್ನದಲ್ಲಿ ನಾರಾಯಣ ಎಂದು ಮೊದಲಾಗುವ ಆ ಎಣಿಕೆಯಲ್ಲಿ ಸಿಹಿಗೆ ಮಾತ್ರ ಸ್ಥಾನವಿಲ್ಲ. ಹುಳಿ, ಖಾರ, ಪಲ್ಯಗಳಿಗೂ ಇದೆ. ಪಾಯಸವಿಲ್ಲದ ಎಲೆಯಲ್ಲಿ ಹರಿಯಿಲ್ಲವೆಂದು ತಿಳಿಯುವವನು ಆ ಸಂಧಿಯನ್ನು ಓದಿಯೂ ಓದದವನೇ. ಅರ್ಧ ವಾಟಿ ಅನ್ನ, ಬಸಿದ ಪಲ್ಯ, ಉಪ್ಪು ಕಡಿಮೆಯಾದ ತೊವ್ವೆ ಇವಿಷ್ಟೇ ಇರುವ ಎಲೆಯಲ್ಲಿಯೂ ಅವನು ಪೂರ್ಣನಾಗಿಯೇ ಇದ್ದಾನೆ.

ಇದನ್ನು ಬರೆದವರು ಯಾರೆಂಬುದನ್ನೂ ನೆನೆಯೋಣ. ಮಾನವಿಯ ಶ್ರೀನಿವಾಸಾಚಾರ್ಯರು, ಮುಂದೆ ಶ್ರೀಜಗನ್ನಾಥದಾಸರಾದವರು, ವಿದ್ಯಾಗರ್ವದಿಂದ ಶ್ರೀವಿಜಯದಾಸರ ಸಂತರ್ಪಣೆಗೆ ಬಾರದೆ, ಹೊಟ್ಟೆನೋವೆಂದು ನೆಪ ಹೇಳಿದರೆಂದೂ, ಆ ನೆಪವೇ ನಿಜವಾಗಿ ಅನ್ನ ಸೇರದ ಉದರವ್ಯಾಧಿಯಾಯಿತೆಂದೂ ದಾಸಪರಂಪರೆ ಹೇಳುತ್ತದೆ. ಕೊನೆಗೆ ಶ್ರೀಗೋಪಾಲದಾಸರು ತಮ್ಮ ಆಯುಷ್ಯದಲ್ಲಿ ನಲವತ್ತು ವರ್ಷವನ್ನು ಧಾರೆಯೆರೆದು, ಧನ್ವಂತರಿಯನ್ನು ಪ್ರಾರ್ಥಿಸಿ, ಅಭಿಮಂತ್ರಿಸಿದ ಜೋಳದ ರೊಟ್ಟಿಯನ್ನು ಕೊಟ್ಟರೆಂಬುದು ಪ್ರಸಿದ್ಧ ಕಥೆ. ಅನ್ನದ ಮುಂದೆ ಕುಳಿತು ಉಣ್ಣಲಾಗದ ಸಂಕಟವನ್ನು ಸ್ವತಃ ಅನುಭವಿಸಿದವರೇ ಮುಂದೆ ಭೋಜನವನ್ನು ಕುರಿತು ಒಂದು ಸಂಧಿಯನ್ನು ರಚಿಸಿದರು! ಅವರಿಗೆ ಪ್ರಸಾದವಾಗಿ ದೊರೆತದ್ದು ಮೃಷ್ಟಾನ್ನವಲ್ಲ, ಜೋಳದ ರೊಟ್ಟಿ. ಅವರಂತೆ ನಮ್ಮ ರೋಗ ತೊಲಗಲಿಕ್ಕಿಲ್ಲ. ಪ್ರಾರಬ್ಧವು ತೀರುವವರೆಗೆ ಇರಬಹುದು. ಆದರೆ ಧನ್ವಂತರಿಯೂ ಹರಿಯ ರೂಪವೇ. ತಂತ್ರಸಾರಸಂಗ್ರಹದಲ್ಲಿ ಶ್ರೀಮದಾಚಾರ್ಯರು ಅವನ ಮಂತ್ರವನ್ನು ಇತ್ತಿದ್ದಾರೆ. ಮದ್ದನ್ನೂ ಪಥ್ಯವನ್ನೂ ಅವನ ಕೈಯಿಂದಲೇ ಪಡೆದಂತೆ ಸ್ವೀಕರಿಸಬೇಕು.

ರೋಗಿಗಳಿಗೆ ಒಂದು ಕಟುವಾದ ಮಾತನ್ನೂ ಹೇಳಬೇಕಾಗಿದೆ. ಮನೆಯಲ್ಲಿ ಪಥ್ಯ, ಮಠಕ್ಕೆ ಬಂದಾಗ ‘ಪ್ರಸಾದಕ್ಕೆ ದೋಷವಿಲ್ಲ’ ಎಂದು ಎರಡು ಹೋಳಿಗೆ, ಮೇಲೆ ಹಯಗ್ರೀವ ಎಂದು ನಡೆಯುವವರಿದ್ದಾರೆ. ಇದು ಭಕ್ತಿಯಲ್ಲ, ನಾಲಿಗೆಯ ವಕಾಲತ್ತು. ಪ್ರಸಾದದ ಮಹಿಮೆ ಅಳತೆಯಲ್ಲಿಲ್ಲ. ಒಂದು ಅಗುಳನ್ನು ಕಣ್ಣಿಗೊತ್ತಿಕೊಂಡು ಬಾಯಿಗಿಟ್ಟರೂ ಅದು ಪೂರ್ಣ ಪ್ರಸಾದವೇ. ತೀರ್ಥವೂ ಒಂದು ಉದ್ಧರಣೆಯಷ್ಟು. ನೀರಿನ ಲೆಕ್ಕವಿರುವವರು ಅದನ್ನು ಬಿಡಬೇಕಾಗಿಲ್ಲ, ಆ ದಿನದ ನೀರಿನಲ್ಲಿ ಎಣಿಸಿಕೊಂಡರಾಯಿತು.

ಬಡಿಸುವವರಿಗೂ ಗೃಹಿಣಿಯರಿಗೂ ಒಂದು ವಿಜ್ಞಾಪನೆ. ಬೇಡವೆಂದವರ ಎಲೆಗೆ ‘ಇನ್ನೊಂದೇ ಒಂದು’ ಎಂದು ಹಾಕುವುದು ಇಂಥವರ ವಿಷಯದಲ್ಲಿ ಉಪಚಾರವಲ್ಲ, ಅಪಕಾರ. ಹಾಕಿಸಿಕೊಂಡರೆ ರೋಗ, ಬಿಟ್ಟರೆ ಅನ್ನವನ್ನು ಚೆಲ್ಲಿದ ದೋಷ. ಎರಡರ ನಡುವೆ ಅವರನ್ನು ಸಿಲುಕಿಸಬೇಡಿರಿ. ಮಠದ ಪಾಕಶಾಲೆಯಲ್ಲಿ ಉಪ್ಪು ಹಾಕುವ ಮೊದಲು ಒಂದು ಪಾತ್ರೆಯಷ್ಟು ತೊವ್ವೆ, ಪಲ್ಯಗಳನ್ನು ಬೇರೆ ತೆಗೆದಿಡುವುದು ದೊಡ್ಡ ಕೆಲಸವಲ್ಲ. ಇನ್ನು ಮನೆಗಳಲ್ಲಿ, ಮಾವನವರಿಗೆ ಒಂದು, ಮಕ್ಕಳಿಗೆ ಒಂದು ಎಂದು ಎರಡು ಬಗೆಯ ಅಡಿಗೆ ಮಾಡಿಟ್ಟು, ತಮ್ಮ ಡಬ್ಬಿ ಕಟ್ಟಿಕೊಂಡು ಎಂಟರ ಗಾಡಿಗೆ ಓಡುವ ಸೊಸೆಯಂದಿರ ಶ್ರಮ ಶ್ರೀಹರಿಗೆ ತಿಳಿದೇ ಇದೆ. ಉಪ್ಪಿಲ್ಲದ ಸಾರಿಗೆ ಮುಖ ಸಿಂಡರಿಸುವ ಹಿರಿಯರು ಆ ಶ್ರಮವನ್ನೊಮ್ಮೆ ನೆನೆಯಲಿ.

ನಿತ್ಯದ ಊಟದಲ್ಲಿ ಹೀಗೆ ಮಾಡಬಹುದು. ಅಳತೆಯ ಅನ್ನವನ್ನು ದೇವರಿಗೆ ನಿವೇದಿಸಿ, ಪರಿಷೇಚನೆ ಮಾಡಿ, ಆಪೋಶನ ತೆಗೆದುಕೊಂಡು ಪ್ರಾಣಾದಿ ಐದು ಆಹುತಿಗಳನ್ನು ನಿಧಾನವಾಗಿ ಕೊಡಬೇಕು. ಮೃಷ್ಟಾನ್ನ ಉಣ್ಣುವವನಿಗೂ ಗಂಜಿ ಉಣ್ಣುವವನಿಗೂ ಈ ಆಹುತಿಗಳು ಐದೇ. ಗೀತೆಯ ಹದಿನೈದನೆಯ ಅಧ್ಯಾಯದಲ್ಲಿ ಭಗವಂತನು ತಾನೇ ವೈಶ್ವಾನರನಾಗಿ ಪ್ರಾಣಿಗಳ ದೇಹದಲ್ಲಿದ್ದು ಅನ್ನವನ್ನು ಪಚನ ಮಾಡುವುದಾಗಿ ಹೇಳಿದ್ದಾನೆ. ಹೋಮಕುಂಡಕ್ಕೆ ಹವಿಸ್ಸನ್ನು ಕಂಡಾಪಟ್ಟೆ ಸುರಿಯುವವರುಂಟೆ? ವಿಧಿಸಿದಷ್ಟನ್ನೇ ಹಾಕುತ್ತೇವೆ. ಉದರದ ಅಗ್ನಿಗೂ ವಿಧಿಸಿದಷ್ಟನ್ನೇ ಹಾಕುವ ರೋಗಿಯು, ಸಿಕ್ಕಿದ್ದನ್ನೆಲ್ಲ ಉಣ್ಣುವ ನೀರೋಗಿಗಿಂತ ಒಳ್ಳೆಯ ಹೋತೃವಾಗಬಲ್ಲನು.

ಆ ಗೃಹಸ್ಥರು ಕೇಳಿದ್ದರು, ತಾನು ಯಾವ ಸೀಮೆಯ ವೈಷ್ಣವನೆಂದು. ರಾಯರೇ, ಬಿಟ್ಟುದೆಲ್ಲವನ್ನೂ ಹರಿಗಾಗಿ ಬಿಟ್ಟೆನೆಂದು, ಉಂಡುದೆಲ್ಲವನ್ನೂ ಹರಿಗಾಗಿ ಉಂಡೆನೆಂದು ತಿಳಿದ ದಿನ ನೀವು ಪಂಕ್ತಿಯ ಹೊರಗಿನವರಲ್ಲ. ಮುಂದಿನ ಆರಾಧನೆಗೆ ಅಗತ್ಯವಾಗಿ ಬನ್ನಿರಿ. ನಿಮ್ಮ ಎಲೆಗೆ ಏನೇನು ಎಷ್ಟೆಷ್ಟು ಎಂಬುದನ್ನು ಒಂದು ಚೀಟಿಯಲ್ಲಿ ಬರೆದು ತನ್ನಿರಿ. ಬಡಿಸುವವರಿಗೆ ನಾನು ಮೊದಲೇ ಹೇಳಿರುತ್ತೇನೆ. ಯಾರಿಗೂ ಕೈ ಅಡ್ಡ ಹಿಡಿಯುವ ಪ್ರಸಂಗ ನಿಮಗೆ ಬಾರದು. ಪಂಕ್ತಿಯಲ್ಲಿ ನನ್ನ ಪಕ್ಕದ ಎಲೆ ನಿಮ್ಮದು.

ಶ್ರೀಹರಿವಾಯುಗುರುಗಳು ರೋಗಿಗಳಿಗೆ ಸಹನೆಯನ್ನೂ, ಅವರ ಸೇವೆ ಮಾಡುವವರಿಗೆ ಬಲವನ್ನೂ, ಎಲ್ಲರಿಗೂ ಉಂಡ ಒಂದೊಂದು ತುತ್ತಿನಲ್ಲಿ ತಮ್ಮ ಸ್ಮರಣೆಯನ್ನೂ ಅನುಗ್ರಹಿಸಲೆಂದು ಪ್ರಾರ್ಥಿಸುತ್ತ ಈ ಪ್ರವಚನವನ್ನು ಮುಗಿಸುತ್ತೇನೆ.

॥ ಶ್ರೀಕೃಷ್ಣಾರ್ಪಣಮಸ್ತು ॥