ಚಿತ್ರವನ್ನು ಎಷ್ಟು ತಿದ್ದಬಹುದು?

ಸುಳ್ಳು ಹೇಳಬಾರದೆಂದು ನಮಗೆಲ್ಲ ಮಾತು ಬಂದಂದಿನಿಂದ ಹೇಳಿಕೊಟ್ಟಿದ್ದಾರೆ. ಸುಳ್ಳು ತೋರಿಸಬಾರದೆಂದು ಯಾರಾದರೂ ಹೇಳಿಕೊಟ್ಟದ್ದು ನನಗೆ ನೆನಪಿಲ್ಲ. ಹೇಳಿಕೊಡುವ ಅಗತ್ಯವೂ ಆಗ ಇರಲಿಲ್ಲವೆನ್ನಿ. ಪಟ ತೆಗೆಯುವ ವಿದ್ಯೆ ಊರಿಗೊಬ್ಬನೋ ಇಬ್ಬರೋ ಇದ್ದ ಸ್ಟುಡಿಯೊದವರ ಸ್ವತ್ತಾಗಿತ್ತು. ಆತ ನಮ್ಮನ್ನು ಅರಮನೆಯ ಮೆಟ್ಟಿಲು ಬರೆದ ಪರದೆಯ ಮುಂದೆ ನಿಲ್ಲಿಸಿ, ಗದ್ದ ಎತ್ತಿಸಿ, ಪಟ ತೆಗೆದು, ಆಮೇಲೆ ಒಳಕೋಣೆಯಲ್ಲಿ ಕುಳಿತು ನೆಗೆಟಿವಿನ ಮೇಲೆ ಚೂಪಾದ ಪೆನ್ಸಿಲು ಆಡಿಸಿ ಸಿಡುಬಿನ ಕಲೆಯನ್ನೂ ಕಣ್ಣಿನ ಕೆಳಗಿನ ಕಪ್ಪನ್ನೂ ಮರೆಸಿಕೊಡುತ್ತಿದ್ದ. ಅದಕ್ಕೆ ರೀಟಚ್ ಎಂದು ಹೆಸರು. ಹೀಗೆ ತಿದ್ದಿದ ಪಟ ನಡುಮನೆಯ ಗೋಡೆಯ ಮೇಲೆ ತೂಗಿದಾಗ ಅದನ್ನು ಸುಳ್ಳೆಂದು ಯಾರೂ ಕರೆಯಲಿಲ್ಲ. ಅದೇ ಪಟ ಜಾತಕದೊಡನೆ ಲಕೋಟೆಯಲ್ಲಿ ಗಂಡಿನ ಮನೆಗೆ ಹೋದರೆ ಮಾತ್ರ ಮಾತು ಬೇರೆಯಾಗುತ್ತಿತ್ತು. ಪೆನ್ಸಿಲು ಅದೇ, ಕೈ ಅದೇ, ಮುಚ್ಚಿದ ಕಲೆಯೂ ಅದೇ. ಆದರೆ ಈ ಸಲ ಆ ಪಟವನ್ನು ನಂಬಿಕೊಂಡು ಇನ್ನೊಬ್ಬರು ಏನನ್ನೋ ನಿಶ್ಚಯಿಸಲಿದ್ದರು.

ಈಗ ಆ ಪೆನ್ಸಿಲು ಎಲ್ಲರ ಜೇಬಿನಲ್ಲಿದೆ. ಕಳೆದ ಬೇಸಗೆಯಲ್ಲಿ ಸಿಯಾಟಲ್ ನಗರದಲ್ಲಿರುವ ಮಗಳು, ಅಳಿಯ, ಮೊಮ್ಮಗಳೊಡನೆ ನಾನು ಏಳು ದಿನ ಹಡಗಿನಲ್ಲಿ ಅಲಾಸ್ಕದ ಕರಾವಳಿಯನ್ನು ಸುತ್ತಿ ಬಂದೆ. ಅಲ್ಲಿ ನೋಡಿದಷ್ಟು ಚಿತ್ರ ತಿದ್ದುವವರನ್ನು ನಾನು ಇನ್ನೆಲ್ಲೂ ನೋಡಿರಲಿಲ್ಲ. ಹಗಲೆಲ್ಲ ಕಟಾಂಜನಕ್ಕೆ ಒರಗಿ ಚಿತ್ರ ತೆಗೆಯುವುದು; ಊಟವಾದ ಮೇಲೆ ಸೋಫಾಗಳ ಮೇಲೆ ಸಾಲಾಗಿ ಕುಳಿತು ಬೆರಳಿನಿಂದ ತೀಡಿ ತೀಡಿ ಅದನ್ನು ಅಂದಗೊಳಿಸುವುದು. ಒಬ್ಬರು ಆಕಾಶಕ್ಕೆ ನೀಲಿ ಬಳಿಯುತ್ತಿದ್ದರು. ಮತ್ತೊಬ್ಬರು ತಮ್ಮ ಮುಂದೆ ನಿಂತಿದ್ದ ಅಪರಿಚಿತರ ತಲೆಗಳನ್ನು ಒಂದೊಂದಾಗಿ ಒರೆಸುತ್ತಿದ್ದರು. ನಾವು ಕೊಡೆ ಹಿಡಿದು ತಿರುಗಿದ ಜೂನೊ ಪಟ್ಟಣ ರಾತ್ರಿ ಹತ್ತು ಗಂಟೆಯ ಹೊತ್ತಿಗೆ ಎಳೆಬಿಸಿಲಿನಲ್ಲಿ ಮೀಯುತ್ತಿತ್ತು! ಪರಿಹಾಸ್ಯ ಮಾಡುವ ಹಕ್ಕು ನನಗೂ ಇರಲಿಲ್ಲ. ನನ್ನ ಕೈಯಲ್ಲೂ ಒಂದು ಫೋನಿತ್ತು.

ತಿದ್ದುವುದೆಲ್ಲ ಸುಳ್ಳು ಎನ್ನುವ ಕಟ್ಟುನಿಟ್ಟಿನ ಜನ ಉಂಟು. ಅವರು ಒಮ್ಮೆ ಹಿಮದ ಎದುರು ನಿಂತು ಚಿತ್ರ ತೆಗೆದು ನೋಡಬೇಕು. ಕ್ಯಾಮರಾದೊಳಗಿನ ಬೆಳಕಿನ ಮಾಪಕ, ಎದುರಿನ ದೃಶ್ಯ ಒಟ್ಟಿನಲ್ಲಿ ನಸುಬೂದು ಬಣ್ಣದ್ದೆಂದು ಊಹಿಸಿಕೊಂಡು ಲೆಕ್ಕ ಹಾಕುವ ಯಂತ್ರ. ಎದುರಿಗೆ ಎಲ್ಲವೂ ಬೆಳ್ಳಗಿದ್ದರೆ ಅದು ಬೆಳಕು ಅತಿಯಾಯಿತೆಂದು ತಗ್ಗಿಸಿಬಿಡುತ್ತದೆ. ಅಚ್ಚ ಬಿಳಿಯ ಹಿಮ ಒಲೆಯ ಬೂದಿಯಾಗಿ ಮೂಡುತ್ತದೆ. ಹಿಮನದಿಯ ನೀಲಿಯ ಪಾಡೂ ಅಷ್ಟೆ. ತನ್ನ ಭಾರಕ್ಕೆ ತಾನೆ ಅಮುಕಿ ಅಮುಕಿ ಗಾಳಿಯ ಗುಳ್ಳೆಗಳೆಲ್ಲ ಹೊರಟುಹೋದ ಹಳೆಯ ಮಂಜುಗಡ್ಡೆ ಬೆಳಕಿನ ಕೆಂಪನ್ನು ಹೀರಿ ನೀಲಿಯನ್ನು ಮಾತ್ರ ನಮ್ಮ ಪಾಲಿಗೆ ಬಿಡುತ್ತದೆ. ಯಂತ್ರವೋ, ಬಣ್ಣ ಸರಿಮಾಡುವ ಉತ್ಸಾಹದಲ್ಲಿ ಆ ನೀಲಿಯನ್ನೇ ದೋಷವೆಂದು ತಿಳಿದು ತೊಳೆದುಹಾಕುವುದುಂಟು. ಅಂಥ ಚಿತ್ರಕ್ಕೆ ಬಿಳುಪನ್ನೂ ನೀಲಿಯನ್ನೂ ಮರಳಿ ಕೊಡುವವನು ಸುಳ್ಳಾಡಿದಂತೆ ಆಗಲಿಲ್ಲ. ಯಂತ್ರ ಆಡಿದ ಸುಳ್ಳನ್ನು ತಿದ್ದಿದಂತೆ ಆಯಿತು. ಅಲ್ಲದೆ ಈಗಿನ ಫೋನುಗಳು ನಾವು ಒಮ್ಮೆ ಒತ್ತಿದರೆ ತಾವೇ ಹಲವು ಪಟಗಳನ್ನು ತೆಗೆದು, ಬೆಸೆದು, ಒಂದಾಗಿ ಮಾಡಿ ಕೊಡುತ್ತವೆ. ತಿದ್ದದ ಚಿತ್ರ ಎಂಬುದು ನಮ್ಮ ಕೈಗೆ ಬರುವುದೇ ಇಲ್ಲ.

ಇದು ಇಂದಿನ ಕೆಡುಕೆಂದು ಹಲುಬುವವರಿಗೆ ಗುಸ್ತಾವ್ ಲ ಗ್ರೇ ಎಂಬ ಫ್ರೆಂಚ್ ಛಾಯಾಗ್ರಾಹಕನ ವಿಷಯ ಹೇಳಬೇಕು. 1850ರ ದಶಕದ ಗಾಜಿನ ಫಲಕಗಳು ನೀಲಿ ಬೆಳಕಿಗೆ ವಿಪರೀತ ಬೇಗ ಒಲಿಯುತ್ತಿದ್ದವು. ಕಡಲು ಸರಿಯಾಗಿ ಮೂಡುವಷ್ಟು ಹೊತ್ತು ಕಾದರೆ ಆಕಾಶ ಸುಣ್ಣ ಬಳಿದ ಗೋಡೆಯಾಗುತ್ತಿತ್ತು. ಲ ಗ್ರೇ ಕಡಲಿಗೊಂದು, ಮುಗಿಲಿಗೊಂದು ನೆಗೆಟಿವ್ ತೆಗೆದು, ಎರಡನ್ನೂ ಒಂದೇ ಕಾಗದದ ಮೇಲೆ ಅಚ್ಚಿಳಿಸಿದ. ಒಳ್ಳೆಯ ಮುಗಿಲೊಂದು ಸಿಕ್ಕಿದರೆ ಅದನ್ನೇ ಬೇರೆ ಬೇರೆ ಕಡಲುಗಳ ಮೇಲೆ ಹೊದಿಸಿದ್ದೂ ಉಂಟು. ಜನ ಬೆರಗಾಗಿ ನೋಡಿದರು. ಕಡಲಿನ ಸುಂದರವಾದ ಛಾಯಾಚಿತ್ರ ಎಂಬುದು ತಿದ್ದುಪಡಿಯ ಜೊತೆಯಲ್ಲೇ ಹುಟ್ಟಿತೆಂದರೆ ತಪ್ಪಾಗಲಾರದು.

ಹಾಗಾದರೆ ಎಲ್ಲವೂ ಸರಿಯೆ? ಇಲ್ಲಿ ನನಗೆ ತೊಡಕಾಗುವವರು ಆನ್ಸೆಲ್ ಆಡಮ್ಸ್. ಪಿಯಾನೊ ಕಲಿತು ಬಂದಿದ್ದ ಈ ಅಮೆರಿಕನ್ ಛಾಯಾಗ್ರಾಹಕರು ನೆಗೆಟಿವನ್ನು ಸ್ವರಲಿಪಿಗೂ ಅಚ್ಚಿಳಿಸುವುದನ್ನು ಕಛೇರಿಗೂ ಹೋಲಿಸುತ್ತಿದ್ದರು. ಹೋಲಿಕೆ ನನಗೆ ಒಪ್ಪಿಗೆ; ಒಂದೇ ಕೃತಿಯನ್ನು ಇಬ್ಬರು ವಿದ್ವಾಂಸರು ಹಾಡಿದರೆ ನಾವು ಒಬ್ಬರನ್ನು ಸುಳ್ಳರೆನ್ನುವುದಿಲ್ಲ. ಆದರೆ 1944ರಲ್ಲಿ ಅವರು ಕ್ಯಾಲಿಫೋರ್ನಿಯದ ಲೋನ್ ಪೈನ್ ಎಂಬ ಊರಿನಿಂದ ಸಿಯೆರಾ ನೆವಾಡ ಪರ್ವತಗಳ ಮೇಲೆ ಸೂರ್ಯೋದಯದ ಬೆಳಕು ಬೀಳುವ ಚಿತ್ರವೊಂದನ್ನು ತೆಗೆದರು. ಆ ಊರಿನ ಶಾಲೆಯ ಹುಡುಗರು ಗುಡ್ಡದ ಮೈಮೇಲೆ ತಮ್ಮ ಊರಿನ ಮೊದಲ ಅಕ್ಷರಗಳಾದ ಎಲ್ ಮತ್ತು ಪಿ ಎಂಬುವನ್ನು ದೊಡ್ಡದಾಗಿ ಮೂಡಿಸಿದ್ದರು. ಆಡಮ್ಸ್ ಅದನ್ನು ನೆಗೆಟಿವಿನಿಂದಲೇ ತೆಗೆದುಹಾಕಿದರು. ಆಕ್ಷೇಪಿಸಿದವರಿಗೆ, ಆ ಗಾಯದ ಗುರುತನ್ನು ಉಳಿಸಿಕೊಂಡು ದೃಶ್ಯದ ಸೊಬಗನ್ನು ಕೆಡಿಸುವಷ್ಟು ತಾನು ಮಡಿವಂತನಲ್ಲ ಎಂಬರ್ಥದ ಉತ್ತರ ಕೊಟ್ಟರು. ಚಿತ್ರವೇನೋ ಅದ್ಭುತವಾಗಿದೆ. ಆದರೂ ಆಕಾಶವನ್ನು ಕಪ್ಪಾಗಿಸಿದಾಗ ಕದಡದ ನನ್ನ ಮನಸ್ಸು ಆ ಎರಡು ಅಕ್ಷರಗಳ ವಿಷಯದಲ್ಲಿ ಕದಡುತ್ತದೆ. ಆಕಾಶ ಯಾರದೂ ಅಲ್ಲ. ಅದಕ್ಕೆ ದೂರು ಹೇಳಿಕೊಳ್ಳಲು ಬಾಯಿಲ್ಲ. ಆ ಅಕ್ಷರಗಳನ್ನು ಬೆಟ್ಟ ಹತ್ತಿ ಮೂಡಿಸಿದ ಕೈಗಳಿದ್ದವು. ಕಾಣುವ ವಸ್ತುವಿನ ಬಣ್ಣವನ್ನು ಏರಿಸುವುದು ಇಳಿಸುವುದು ಬೇರೆ. ಅಲ್ಲಿದ್ದವರನ್ನು ಇರಲೇ ಇಲ್ಲವೆನ್ನುವುದು ಬೇರೆ. ಮೊದಲನೆಯದು ರುಚಿಯ ಪ್ರಶ್ನೆ, ಎರಡನೆಯದು ನ್ಯಾಯದ ಪ್ರಶ್ನೆ.

ಈ ವಿಚಾರ ನನ್ನನ್ನು ಗಟ್ಟಿಯಾಗಿ ಹಿಡಿದದ್ದು ಗ್ಲೇಸಿಯರ್ ಬೇ ಎಂಬ ಹಿಮನದಿಗಳ ಕೊಲ್ಲಿಯಲ್ಲಿ. ದಿನಕ್ಕೆ ಎರಡೇ ದೊಡ್ಡ ವಿಹಾರದ ಹಡಗುಗಳಿಗೆ ಅಲ್ಲಿ ಪ್ರವೇಶ. ಕೊಲ್ಲಿಯ ತುತ್ತತುದಿಯಲ್ಲಿ ಎರಡು ಹಿಮನದಿಗಳು ಅಕ್ಕಪಕ್ಕದಲ್ಲಿವೆ. ಒಂದು ಮಾರ್ಜರಿ: ಸುಮಾರು ಒಂದು ಮೈಲಿ ಅಗಲದ ಮುಖ, ಗೋಪುರ ಗೋಪುರವಾಗಿ ಸೀಳಿದ ನೀಲಿ ಬಿಳಿಯ ಗೋಡೆ. ಆಗಾಗ ಒಂದು ತುಂಡು ಕಳಚಿ ನೀರಿಗೆ ಬೀಳುತ್ತದೆ. ಬಿದ್ದದ್ದು ಕಣ್ಣಿಗೆ ಮೊದಲು ಕಾಣುತ್ತದೆ, ಸದ್ದು ಆಮೇಲೆ ಬರುತ್ತದೆ. ಟ್ಲಿಂಗಿಟ್ ಜನ ಇದನ್ನು ಬಿಳಿಯ ಗುಡುಗು ಎನ್ನುತ್ತಾರಂತೆ. ಇನ್ನೊಂದು ಗ್ರಾಂಡ್ ಪೆಸಿಫಿಕ್. ಇದರ ಮುಖ ಇನ್ನೂ ಅಗಲ. ಆದರೆ ಮೈತುಂಬ ಕಲ್ಲು ಮಣ್ಣು ಹೊದ್ದುಕೊಂಡು, ಅಗೆದುಬಿಟ್ಟ ಗುಡ್ಡದಂತೆ ಕಪ್ಪಗಿದೆ. ಹಡಗಿನಲ್ಲಿದ್ದ ಬಹುಪಾಲು ಜನಕ್ಕೆ ಅದು ಹಿಮನದಿಯೆಂದೇ ತಿಳಿಯಲಿಲ್ಲ. ಸಾವಿರಾರು ಫೋನುಗಳು ಮಾರ್ಜರಿಯ ಕಡೆಗೇ ತಿರುಗಿದುವು. ಕಪ್ಪು ಅಂಚು ಒಂದಿಷ್ಟು ಚಿತ್ರದೊಳಕ್ಕೆ ನುಗ್ಗಿದ್ದರೆ ರಾತ್ರಿ ಕತ್ತರಿಸಲು ಬರುತ್ತಿತ್ತು.

ಇಲ್ಲಿ ಯಾರೂ ಬಣ್ಣ ಹಚ್ಚಲಿಲ್ಲ, ಏನನ್ನೂ ಒರೆಸಲಿಲ್ಲ. ಚೌಕಟ್ಟನ್ನು ಒಂದಿಷ್ಟು ಎಡಕ್ಕೆ ಸರಿಸಿದರು, ಅಷ್ಟೆ. ಧರ್ಮರಾಯ ಅಶ್ವತ್ಥಾಮ ಸತ್ತನೆಂದದ್ದೂ ಹೀಗೆಯೆ; ಆನೆ ಎಂಬ ಮಾತನ್ನು ಮೆಲ್ಲಗೆ ಹೇಳಿದ, ಅಷ್ಟೆ. ಆ ಕಪ್ಪು ಹಿಮನದಿಯೆ ಈ ಕಥೆಯ ಆನೆ. 1794ರಲ್ಲಿ ವ್ಯಾಂಕೂವರನ ತಂಡದವರು ಬಂದಾಗ ಇಲ್ಲಿ ಕೊಲ್ಲಿಯೆಂಬುದೇ ಹೆಚ್ಚುಕಡಮೆ ಇರಲಿಲ್ಲ. ಬಾಯಲ್ಲೇ ಹಿಮದ ಗೋಡೆ ನಿಂತಿತ್ತು. 1879ರಲ್ಲಿ ಜಾನ್ ಮ್ಯೂರ್ ಬರುವ ಹೊತ್ತಿಗೆ ಅದು 30 ಮೈಲಿಗೂ ಹೆಚ್ಚು ಹಿಂದೆ ಸರಿದಿತ್ತು. 1916ರ ವೇಳೆಗೆ ಗ್ರಾಂಡ್ ಪೆಸಿಫಿಕ್ ಕೊಲ್ಲಿಯ ಬಾಯಿಂದ 65 ಮೈಲಿ ಒಳಗಿತ್ತು. ಈ ಹಿಂಜರಿಕೆಗೆಲ್ಲ ನಮ್ಮ ಕಾಲದ ಹೊಗೆಯೆ ಕಾರಣವೆನ್ನುವಂತಿಲ್ಲ. ಹೊಗೆಯ ಕಾಲಕ್ಕೆ ಮುಂಚೆ, 18ನೆಯ ಶತಮಾನದ ನಡುವಿನಿಂದಲೆ ಅದು ಸರಿಯತೊಡಗಿತ್ತು. ಆದರೆ ನಾವು ತೇಲುತ್ತಿದ್ದ ನೀರು ಹಿಂದೊಮ್ಮೆ ಹಿಮವಾಗಿತ್ತೆಂಬುದನ್ನು ಹೇಳಬಲ್ಲ ಸಾಕ್ಷಿ ಆ ಕಪ್ಪು ಗುಡ್ಡ. ಸುಂದರವಲ್ಲವೆಂಬ ಕಾರಣಕ್ಕೆ ಆ ಸಾಕ್ಷಿಯನ್ನು ನಾವು ಕರೆಯಲೇ ಇಲ್ಲ.

ಇದಕ್ಕೂ ಹಿಂದಿನ ಒಂದು ಅಳಿಸುವಿಕೆಯಿದೆ. ನಮ್ಮ ಚಿತ್ರಗಳಲ್ಲೆಲ್ಲ ಆ ಕೊಲ್ಲಿ ನಿರ್ಜನ. ಸೃಷ್ಟಿಯ ಮೊದಲ ದಿನ ಇದ್ದ ಹಾಗೆ ಎಂದು ಜನ ಉದ್ಗಾರ ತೆಗೆಯುತ್ತಾರೆ. ಆದರೆ ಅದು ಹೂನಾ ಟ್ಲಿಂಗಿಟ್ ಜನರ ಊರಾಗಿತ್ತು. ಹಿಮ ಮುನ್ನುಗ್ಗಿ ಬಂದಾಗ ಅವರು ಮನೆ ಬಿಟ್ಟು ಓಡಿ ಜಲಸಂಧಿಯ ಆಚೆ ನೆಲಸಿದರು. ಹಿಮ ಹಿಂದಕ್ಕೆ ಹೋದ ಮೇಲೆ ಮರಳಿ ಬಂದು ಮೀನು, ಸೀಲು, ಹಣ್ಣುಗಳಿಗಾಗಿ ಅಲ್ಲಿಗೆ ನಡೆದುಕೊಂಡರು. ಅವರ ಭಾಷೆಯಲ್ಲಿ ಆ ಜಾಗದ ಹೆಸರಿಗೆ ಹಿಮನದಿಯಿದ್ದ ಎಡೆಯ ಕೊಲ್ಲಿ ಎಂದೇ ಅರ್ಥ. 1925ರಲ್ಲಿ ಅದು ಸರ್ಕಾರದ ರಕ್ಷಿತ ಪ್ರದೇಶವಾಯಿತು. ಮುಂದೆ, ಅವರು ತಲೆತಲಾಂತರದಿಂದ ಮಾಡಿಕೊಂಡು ಬಂದ ಕಡಲಕ್ಕಿಯ ಮೊಟ್ಟೆ ಆಯುವಿಕೆಯೂ ನಿಷಿದ್ಧವಾಯಿತು. ಅದಕ್ಕೆ ಮತ್ತೆ ಕಾನೂನಿನ ಒಪ್ಪಿಗೆ ದೊರೆತದ್ದು 2014ರಲ್ಲಿ. ಅವರ ಕುಲದ ಮನೆಯೊಂದು ಆ ದಡದ ಮೇಲೆ ತಲೆಯೆತ್ತಿದ್ದು 2016ರಲ್ಲಿ. ನಾವು ಮೆಚ್ಚಿಕೊಂಡ ಆ ನಿರ್ಜನತೆ ಪ್ರಕೃತಿ ಒಂದೇ ಮಾಡಿದ್ದಲ್ಲ. ನಮ್ಮ ಫೋನು ಅಳಿಸುವುದಕ್ಕೆ ಮುಂಚೆಯೇ ಬೇರೆಯವರು ಅಳಿಸಿಟ್ಟಿದ್ದರು.

ಇದನ್ನು ಮೊಮ್ಮಗಳಿಗೆ ಹೇಳುವ ಗೋಜಿಗೆ ನಾನು ಹೋಗಲಿಲ್ಲ. ಹನ್ನೊಂದು ವರ್ಷದ ಮಗು, ರಜೆಗೆ ಬಂದಿದೆ. ಆದರೆ ಒಂದು ಸಂಜೆ ಅವಳು ನನ್ನ ಪಕ್ಕ ಕುಳಿತು, ತನ್ನ ಅಮ್ಮ ಕಟಾಂಜನದ ಬಳಿ ನಿಂತಿದ್ದ ಚಿತ್ರ ತೋರಿಸಿ, "ತಾತ, ಹಿಂದೆ ಈ ಅಂಕಲ್ ಬಂದುಬಿಟ್ಟಿದ್ದಾರೆ. ತೆಗೆದುಬಿಡಲಾ?" ಎಂದು ಕೇಳಿದಳು. ಬಕೀಟಿನ ಪಕ್ಕ ಬಗ್ಗಿ ಕಂಬಿ ಒರೆಸುತ್ತಿದ್ದ ಆಳೊಬ್ಬ. ನಾನು ಅವರನ್ನು ಬಲ್ಲೆ. ಕುಂದಾಪುರದ ಕಡೆಯವರು, ಹಿಂದಿನ ದಿನ ನಮ್ಮ ಕನ್ನಡ ಕಿವಿಗೆ ಬಿದ್ದು ತಾವಾಗಿಯೆ ಮಾತಾಡಿಸಿದ್ದರು. ತಿಂಗಳುಗಟ್ಟಲೆ ಹಡಗಿನಲ್ಲೆ ವಾಸ, ವಾರಕ್ಕೊಮ್ಮೆ ಈ ಹಿಮದ ಮುಂದೆ ಬಂದು ಹೋಗುವುದು. "ಮನೆಯವರು ಫೋಟೊ ಕಳಿಸಿ ಅಂತಾರೆ ಸಾರ್. ಡ್ಯೂಟಿಯಲ್ಲಿ ಎಲ್ಲಿ ತೆಗೆಯುವುದು!" ಎಂದು ನಕ್ಕಿದ್ದರು. "ಬೇಡ ಪುಟ್ಟಿ, ಅವರು ಅಲ್ಲಿದ್ದರಲ್ಲ" ಎಂದೆ. ಅವಳು ಒಂದು ಗಳಿಗೆ ನೋಡಿ, "ಹಾಗಾದರೆ ಅಮ್ಮನ ಹಿಂದಿನ ಬೆಳಕು ಮಾತ್ರ ಜಾಸ್ತಿ ಮಾಡುತ್ತೇನೆ, ಅವರ ಮುಖಾನೂ ಚೆನ್ನಾಗಿ ಕಾಣುತ್ತೆ" ಎಂದಳು. ಮಾಡಿದಳು. ಮರುದಿನ ಆ ಚಿತ್ರ ಅವರ ಫೋನಿಗೂ ಹೋಯಿತು. ಚಿತ್ರ ತಿದ್ದುವ ಧರ್ಮದ ಬಗ್ಗೆ ನಾನು ಇಷ್ಟುದ್ದ ಬರೆಯುವುದನ್ನು ಅವಳು ಒಂದು ಮಾತಿನಲ್ಲಿ ಮುಗಿಸಿಬಿಟ್ಟಳೆಂದು ನನಗೆ ಸ್ವಲ್ಪ ಹೊಟ್ಟೆಕಿಚ್ಚೂ ಆಯಿತು.

ವಿಹಾರಕ್ಕೆ ಹೋದವರ ಚಿತ್ರವನ್ನು ಹೀಗೆ ಕಟಕಟೆಗೆ ಏರಿಸುವುದು ಅತಿಯಾಯಿತೆಂದು ಓದುಗರು ಹೇಳಬಹುದು. ನಾನೂ ಬಹಳಮಟ್ಟಿಗೆ ಒಪ್ಪುತ್ತೇನೆ. ಗೋಡೆಯ ಪಟಕ್ಕೆ ಪ್ರಮಾಣವಚನ ಬೇಡ. ಆದರೆ ಯಾವ ಪಟ ಗೋಡೆಯದು, ಯಾವುದು ಲಕೋಟೆಯದು ಎಂಬುದು ತೆಗೆಯುವಾಗ ಗೊತ್ತಾಗುವುದಿಲ್ಲ. 1941ರ ಆಗಸ್ಟಿನಲ್ಲಿ ವಿಲಿಯಂ ಫೀಲ್ಡ್ ಎಂಬ ಹಿಮನದಿ ತಜ್ಞರು ಅದೇ ಕೊಲ್ಲಿಯ ಇನ್ನೊಂದು ಕವಲಿನಲ್ಲಿ ಮ್ಯೂರ್ ಹಿಮನದಿಯ ಚಿತ್ರವೊಂದನ್ನು ತೆಗೆದರು. ಕಪ್ಪು ಬಿಳುಪಿನ ಸಾದಾ ಚಿತ್ರ. ಕಣಿವೆ ತುಂಬ ಹಿಮ. 2004ರ ಆಗಸ್ಟಿನಲ್ಲಿ ಬ್ರೂಸ್ ಮೊಲ್ನಿಯಾ ಎಂಬ ಭೂವಿಜ್ಞಾನಿ ಅದೇ ಜಾಗದಲ್ಲಿ ನಿಂತು ಮತ್ತೊಂದು ಚಿತ್ರ ತೆಗೆದರು. ಅದರಲ್ಲಿ ನೀಲಿ ನೀರು, ದಡದಲ್ಲಿ ದಟ್ಟ ಹಸುರು, ಒಂದು ಮೋಡ. ಹಿಮ 7 ಮೈಲಿಗೂ ಹೆಚ್ಚು ಹಿಂದೆ ಹೋಗಿತ್ತು. ಎರಡರಲ್ಲಿ ಹೆಚ್ಚು ಸುಂದರವಾದದ್ದು ಎರಡನೆಯದೆಂದು ಕಣ್ಣಿದ್ದವರೆಲ್ಲ ಹೇಳುತ್ತಾರೆ. ಅದರ ಮುಂದೆ ಮೊದಲನೆಯದನ್ನು ಇಟ್ಟಾಗಲೇ ಎದೆ ಧಸಕ್ಕೆನ್ನುವುದು. ಫೀಲ್ಡ್ ತಮ್ಮ ಚಿತ್ರವನ್ನು ಅಂದಗೊಳಿಸಲು ಹೊರಟಿದ್ದರೆ ಈ ಜೋಡಿಗೆ ಬೆಲೆಯಿರುತ್ತಿರಲಿಲ್ಲ.

ಊರಿಗೆ ಬಂದ ಮೇಲೆ ಮೈಸೂರಿನಲ್ಲಿರುವ ಹಳೆಯ ಸ್ನೇಹಿತನಿಗೆ ನಾಲ್ಕು ಚಿತ್ರ ಕಳಿಸಿದೆ. ಮಾರ್ಜರಿಯ ಬಿಳುಪನ್ನು ಏರಿಸಿದ್ದೆ, ಓರೆಯಾಗಿದ್ದ ಕಡಲಂಚನ್ನು ನೇರ ಮಾಡಿದ್ದೆ. ನಾಲ್ಕನೆಯದು ಗ್ರಾಂಡ್ ಪೆಸಿಫಿಕ್. ಅದರ ಕೆಳಗೆ ಊರು, ತಾರೀಖು, ಗಂಟೆ ಬರೆದು, ಏನನ್ನೂ ತಿದ್ದಿಲ್ಲ ಎಂದು ಸೇರಿಸಿದ್ದೆ. ಸಂಜೆಗೆ ಉತ್ತರ ಬಂತು: "ಮೂರು ಚೆನ್ನಾಗಿವೆ ಕಣಯ್ಯ. ಆ ಕಲ್ಲುಗಣಿಯದು ಯಾವುದು? ತಪ್ಪಿ ಬಂತೆ?"

ತಪ್ಪಿ ಬಂದದ್ದಲ್ಲವೆಂದು ಬರೆದು, ಉಳಿದದ್ದನ್ನು ಹೇಳಲು ಫೋನ್ ಮಾಡಿದೆ.