ಆರತಿಯ ಪದ ತಪ್ಪಿದರೆ ದೋಷವೇ?

ಪ್ರಶ್ನೆ: ನಮ್ಮದು ಮೂಲ ಅಫಜಲಪುರ, ಈಗ ಬೆಂಗಳೂರಿನಲ್ಲಿದ್ದೇವೆ. ನಮ್ಮ ಅತ್ತೆಯವರಿಗೆ 78 ವರ್ಷ. ಮರಾಠಿ ಓದಲು ಬರುವುದಿಲ್ಲ. ಗಾಣಗಾಪುರಕ್ಕೆ ಹೋಗಿಬಂದು, ನಾಲ್ಕು ಮಂದಿ ಹಾಡಿದ್ದನ್ನು ಕೇಳಿ ಕಲಿತ ಮರಾಠಿ ಆರತಿಗಳನ್ನೇ ಚಿಕ್ಕಂದಿನಿಂದ ಹಾಡುತ್ತ ಬಂದವರು. ಹೋದ ಗಣೇಶ ಚೌತಿಗೆ ನನ್ನ ಮಗಳು ಮೊಬೈಲಿನಲ್ಲಿ ಸಾಹಿತ್ಯ ನೋಡಿಕೊಂಡು, ಎಲ್ಲರೆದುರು, "ಅಜ್ಜಿ, ನೀವು ಹೇಳೋದು ತಪ್ಪು" ಎಂದು ಮೂರು ನಾಲ್ಕು ಕಡೆ ತೋರಿಸಿಬಿಟ್ಟಳು. ಅಂದಿನಿಂದ ಅತ್ತೆ ಬಾಯಿಬಿಟ್ಟು ಹಾಡುತ್ತಿಲ್ಲ, ಗಂಟೆ ಬಾರಿಸಿ ಸುಮ್ಮನಾಗುತ್ತಾರೆ. "ಇಷ್ಟು ವರ್ಷ ದೇವರ ಮುಂದ ತಪ್ಪs ಹೇಳಿದ್ನಲ್ಲ, ಅದು ಮನಿಗೆ ತಟ್ಟತದ" ಅನ್ನುತ್ತಾರೆ. ಇದಕ್ಕೆ ದೋಷವುಂಟೇ? ಪ್ರಾಯಶ್ಚಿತ್ತವೇನು?

ಉತ್ತರ: ತಾಯಿ, ದೋಷವಿಲ್ಲ. ಮೊದಲು ಹೋಗಿ ಅತ್ತೆಯವರಿಗೆ ಇಷ್ಟನ್ನು ಹೇಳಿ ಬನ್ನಿ, ಉಳಿದದ್ದನ್ನು ಆಮೇಲೆ ಓದಿದರಾಯಿತು.

ಅವರ ಭಯಕ್ಕೆ ಆಧಾರವಿಲ್ಲ ಎನ್ನಲಾರೆ. ಮಂತ್ರದಲ್ಲಿ ಸ್ವರ ತಪ್ಪಿದರೆ ಫಲ ತಿರುಗುತ್ತದೆ ಎಂಬುದಕ್ಕೆ ಹಿರಿಯರು ಕೊಡುವ ಉದಾಹರಣೆ ತ್ವಷ್ಟೃವಿನದು. ಇಂದ್ರನನ್ನು ಕೊಲ್ಲುವ ಮಗ ಬೇಕೆಂದು ಹೋಮ ಮಾಡಿದ, 'ಇಂದ್ರಶತ್ರು' ಎಂಬ ಪದದ ಸ್ವರ ತಪ್ಪಿತು, ಇಂದ್ರನಿಂದ ಸಾಯುವವನಾಗಿ ವೃತ್ರ ಹುಟ್ಟಿದ. ಪತಂಜಲಿಯೂ ಮಹಾಭಾಷ್ಯದಲ್ಲಿ ಇದನ್ನು ನೆನೆಯುತ್ತಾನೆ. ಆದರೆ ಅದು ವೇದಮಂತ್ರದ ಮಾತು, ಗುರುಮುಖದಿಂದ ಕಲಿತು ಒಂದು ಫಲಕ್ಕಾಗಿ ಹೇಳುವಂಥದ್ದು. ಆರತಿ ಹಾಗಲ್ಲ. ಅದು ಸ್ತುತಿ. ಅಲ್ಲದೆ ಪೂಜೆ ಮುಗಿಸುವಾಗ ಅಕ್ಷರ ಬಿಟ್ಟಿದ್ದರೆ, ಮಾತ್ರೆ ತಪ್ಪಿದ್ದರೆ ಕ್ಷಮಿಸು ಎಂದು ನಾವೆಲ್ಲ ಬೇಡಿಕೊಳ್ಳುವ ಶ್ಲೋಕವೇ ಇದೆ. ತಪ್ಪುತ್ತದೆ ಎಂದು ಗೊತ್ತಿದ್ದೇ ಅದನ್ನು ಇಟ್ಟಿದ್ದಾರೆ. (ಇಂಥ ಪ್ರಶ್ನೆ ಬಂದಾಗ ವಾಲ್ಮೀಕಿಯ 'ಮರಾ ಮರಾ' ಕಥೆ ಹೇಳುವುದು ರೂಢಿ. ನನಗೆ ಅದು ಇಲ್ಲಿಗೆ ಹೊಂದುವುದೆಂದು ಅನ್ನಿಸುವುದಿಲ್ಲ. ಅವನು ತಪ್ಪಾಗಿ ಕೇಳಿಸಿಕೊಂಡವನಲ್ಲ, ಅವನಿಗೆ ಹಾಗೆಯೇ ಹೇಳು ಎಂದು ಕೊಟ್ಟದ್ದು.)

ಇನ್ನು ಮಗಳು ತೋರಿಸಿದ ತಪ್ಪುಗಳು ಯಾವುವೆಂದು ತಾವು ಬರೆದಿಲ್ಲ, ಆದರೂ ಊಹಿಸಬಲ್ಲೆ. ಸಮರ್ಥ ರಾಮದಾಸರ ಹೆಸರಿನಲ್ಲಿರುವ ಗಣಪತಿ ಆರತಿಯಲ್ಲಿ 'ಸಂಕಟೀ' ಎಂದಿರುವುದನ್ನು 'ಸಂಕಷ್ಟೀ' ಎನ್ನುವವರು ಮನೆಮನೆಯಲ್ಲಿದ್ದಾರೆ. 'ಫಣಿವರ' ಎಂಬುದು 'ಫಳಿವರ' ಆಗುತ್ತದೆ, 'ಸದನಾ' ಹೋಗಿ ಸಿನಿಮಾ ಹಾಡಿನ 'ಸಜನಾ' ಬಂದು ಕೂಡುತ್ತದೆ. ಇದು ಕನ್ನಡದವರ ಕಿವಿಯ ದೋಷವೂ ಅಲ್ಲ, ಪುಣೆಯ ಮರಾಠಿ ಮನೆಗಳಲ್ಲೂ ಹೀಗೇ ಹಾಡುತ್ತಾರೆ. ತಿಂಗಳಿಗೊಮ್ಮೆ ಸಂಕಷ್ಟಿ ಉಪವಾಸ ಮಾಡುವವರ ಕಿವಿ, ತನಗೆ ಗೊತ್ತಿರುವ ಪದವನ್ನು ಹಿಡಿಯುತ್ತದೆ. ಅರ್ಥ ಮಾತ್ರ ತುಸು ಬದಲಾಗುತ್ತದೆ ನೋಡಿ. ಸಂಕಟದಲ್ಲಿ ಒದಗು ಎಂದು ಬೇಡುವ ಬದಲು, ಸಂಕಷ್ಟಿಯ ದಿನ ಒದಗಿದರೆ ಸಾಕು ಎಂದಂತಾಯಿತು! ಗಣಪತಿ ನಕ್ಕಿರಬಹುದು. ಮುನಿಸಿಕೊಂಡಿರಲಾರ.

ಅತ್ತೆಯವರಿಗೆ ತಪ್ಪದೆ ಹೇಳಬೇಕಾದ ಸಂಗತಿ ಅವರ ಸೀಮೆಯಲ್ಲೇ ಇದೆ. ಆಳಂದ ತಾಲೂಕಿನ ಕಡಗಂಚಿಯ ಸಾಯಂದೇವರು ಗಾಣಗಾಪುರದ ನರಸಿಂಹ ಸರಸ್ವತಿ ಸ್ವಾಮಿಗಳ ಭಕ್ತರು. ಅವರ ವಂಶದಲ್ಲಿ ಬಂದ ಸರಸ್ವತೀ ಗಂಗಾಧರರು ಮರಾಠಿಯಲ್ಲಿ ಗುರುಚರಿತ್ರೆ ಬರೆದರು. ಆ ಮರಾಠಿ ಗ್ರಂಥದೊಳಗೆ ಸಾಯಂದೇವರು ಗುರುವನ್ನು ಕೊಂಡಾಡುವಲ್ಲಿ ಕನ್ನಡ ಪದಗಳೇ ಇವೆ. ಮರಾಠಿ ಪೋಥಿ ಇದ್ದರೆ ತೆಗೆದು ನೋಡಿ: ಒಂದು ಪದದ ಬಾಲ ಇನ್ನೊಂದರ ತಲೆಗೆ ಅಂಟಿದೆ, ಹ್ರಸ್ವವಿದ್ದಲ್ಲಿ ದೀರ್ಘ ಬಂದಿದೆ, ಕೆಲವು ಕಡೆ ಕನ್ನಡ ಬಲ್ಲ ನಮಗೇ ಇದು ಯಾವ ಮಾತು ಎಂದು ತಡವರಿಸುತ್ತದೆ. ಕನ್ನಡ ಬಾರದವರು ಕೈಯಿಂದ ಕೈಗೆ ನಕಲು ಮಾಡಿದರೆ ಇನ್ನೇನಾದೀತು? ಸಪ್ತಾಹದಲ್ಲಿ ಕೂತ ಮರಾಠಿ ಮನೆಯವರು ಅದನ್ನು ಹಾಗೆಯೇ, ಅರ್ಥ ತಿಳಿಯದೆ, ಭಕ್ತಿಯಿಂದ ಓದುತ್ತಾರೆ. ಅವರ ಪಾರಾಯಣ ಕೆಟ್ಟಿತೆಂದು ಯಾರೂ ಹೇಳಿದ್ದಿಲ್ಲ. ನಮ್ಮ ಕನ್ನಡ ಅವರ ಬಾಯಲ್ಲಿ ಹಾಗೆ, ಅವರ ಮರಾಠಿ ನಿಮ್ಮ ಅತ್ತೆಯವರ ಬಾಯಲ್ಲಿ ಹೀಗೆ.

ಹಾಗಾದರೆ ತಿದ್ದುವುದೇ ಬೇಡವೇ? ಬೇಕು. ಅರ್ಥ ತಿಳಿದು ಹಾಡುವುದು ಒಳ್ಳೆಯದೇ, ಮೊಮ್ಮಗಳ ಕಣ್ಣು ಸರಿಯಾಗಿಯೇ ಇತ್ತು, ಅವಳನ್ನು ಬೈಯಬೇಡಿ. ತಪ್ಪಿದ್ದು ತಿದ್ದಿದ ರೀತಿ. ಜೇವರ್ಗಿ ಸೀಮೆಯಲ್ಲಿ ಕಡಕೋಳ ಮಡಿವಾಳಪ್ಪನವರ ತತ್ವಪದಗಳನ್ನು ಭಜನೆಯವರು ಬಾಯಿಂದ ಬಾಯಿಗೆ ಕಲಿತು ಹಾಡುತ್ತಾರೆ. ಅಲ್ಲಿ ಒಂದು ಪದ ತಪ್ಪಿದರೆ ಒಳಗಿನ ಗುಟ್ಟೇ ಹೋದೀತು, ಆರತಿಗಿಂತ ಹೆಚ್ಚು ಎಚ್ಚರ ಬೇಕು. ಆದರೂ ನಾನು ಕೂತ ಭಜನೆಗಳಲ್ಲಿ ಹಾಡು ನಿಲ್ಲಿಸಿ "ತಪ್ಪು" ಅಂದವರನ್ನು ಕಾಣೆ. ತಿಳಿದವರು ಹಿಂದಿನಿಂದ ಪಲ್ಲವಿ ಎತ್ತುವಾಗ ಸರಿಯಾದ ಪದವನ್ನು ತುಸು ಗಟ್ಟಿಯಾಗಿ ಹೇಳುತ್ತಾರೆ. ಹಾಡುವವರ ಕಿವಿಗೆ ಬಿದ್ದರೆ ಬಿತ್ತು, ಇಲ್ಲವಾದರೆ ಇನ್ನೊಂದು ರಾತ್ರಿ.

ಮನೆಯಲ್ಲೂ ಹಾಗೇ ಮಾಡಿ. ಆರತಿಯನ್ನು ಕನ್ನಡ ಲಿಪಿಯಲ್ಲಿ ದಪ್ಪ ಅಕ್ಷರದಲ್ಲಿ ಬರೆದು, ಪ್ರತಿ ಸಾಲಿನ ಕೆಳಗೆ ಅರ್ಥ ಬರೆಯಲು ಮಗಳಿಗೇ ಹೇಳಿ. ಧಾಟಿಯನ್ನು ಅವಳು ಅಜ್ಜಿಯಿಂದ ಕಲಿಯಲಿ, ಅದು ಮೊಬೈಲಿನಲ್ಲಿ ಸಿಗುವ ಧಾಟಿಯಲ್ಲ. ಕಲಿಯುವಾಗ ಪದಗಳು ತಾವಾಗಿಯೇ ಸರಿಹೋದಾವು. ಒಂದೆರಡು ಹಳೆಯವೇ ಉಳಿದರೆ ಉಳಿಯಲಿ, ಈ ವಯಸ್ಸಿನಲ್ಲಿ ನಾಲಿಗೆಯನ್ನು ಹಿಂಸಿಸಬೇಡಿ.

ಪ್ರಾಯಶ್ಚಿತ್ತ ಕೇಳಿದ್ದೀರಿ. ಅತ್ತೆಯವರಿಗೆ ಯಾವುದೂ ಇಲ್ಲ. ಬರುವ ಗುರುವಾರ ದತ್ತನ ಪಟದ ಮುಂದೆ ದೀಪ ಹಚ್ಚಿ, ಮಗಳು ಅಜ್ಜಿಗೆ ನಮಸ್ಕಾರ ಮಾಡಿ, "ನೀವು ಮೊದಲು ಹೇಳ್ರಿ ಅಜ್ಜಿ, ನಾ ಹಿಂದ ಹೇಳ್ತೀನಿ" ಅನ್ನಲಿ. ಆ ದಿನ ಗಂಟೆ ಮೊಮ್ಮಗಳ ಕೈಯಲ್ಲಿರಲಿ.