ನಂಬ್ತೀಯಾ ಅಂತ ಕೇಳಿದಾಗ

ಕಳೆದ ಡಿಸೆಂಬರ್‌ನಲ್ಲಿ ಚಾಂಪಿಯನ್ ರೀಫ್‌ನ ಒಂದು ಮನೆಯಲ್ಲಿ ಕೂತು ಕಲ್‌ಕಲ್ ತಿನ್ನುತ್ತಿದ್ದೆ. ನಾನು ಮದುವೆಯಾಗಬೇಕು ಅಂತಿರುವ ಹುಡುಗಿಯ ಮನೆ ಅದು. ಅವಳಪ್ಪ ಬಿಜಿಎಂಎಲ್‌ನಲ್ಲಿದ್ದವರು. 2001ರ ಫೆಬ್ರವರಿ 28ಕ್ಕೆ ಗಣಿ ಮುಚ್ಚಿದ ಮೇಲೆ, ಕೆಜಿಎಫ್‌ನ ಸಾವಿರಾರು ಜನರ ಹಾಗೆ ಅವರೂ ಬೆಳಗಿನ ಜಾವದ ರೈಲು ಹತ್ತಿ ಬೆಂಗಳೂರಿಗೆ ಕೆಲಸಕ್ಕೆ ಹೋಗತೊಡಗಿದರು. ನಾನು ಬಂಗಾರಪೇಟೆಯವನು. ನನಗೂ ಅವಳಿಗೂ ಪರಿಚಯವಾಗಿದ್ದು ಅದೇ ರೈಲಿನಲ್ಲೇ.

ಅವಳಮ್ಮ ಸುತ್ತಿ ಬಳಸಿ ಮಾತಾಡುವವರಲ್ಲ. ತಟ್ಟೆಗೆ ಇನ್ನೊಂದು ತುಂಡು ಕೇಕ್ ಹಾಕಿ, ತಮಿಳು ಬೆರೆತ ಕನ್ನಡದಲ್ಲಿ ಕೇಳಿದರು: "ಒಂದು ಕೇಳ್ತೀನಿ, ತಪ್ಪು ತಿಳ್ಕೋಬೇಡಪ್ಪ. ನೀನು ಯೇಸುನ ನಂಬ್ತೀಯಾ?"

"ನಮಗೆ ಎಲ್ಲಾ ದೇವರೂ ಒಂದೇ ಆಂಟಿ," ಅಂದೆ. ಸಾಲದು ಅನ್ನಿಸಿ, "ನಮ್ಮಮ್ಮ ಯೇಸುನೂ ಒಂದು ಅವತಾರ ಅಂತಾರೆ" ಅಂತ ಸೇರಿಸಿದೆ.

ಅವರು "ಸರಿ" ಅಂತ ಒಳಗೆ ಹೋದರು. ಮತ್ತೆ ಆ ವಿಷಯ ಎತ್ತಲಿಲ್ಲ. ಸ್ಟೇಷನ್‌ಗೆ ನಡೆಯುವಾಗ ಹುಡುಗಿ ಹೇಳಿದಳು: "ಅಮ್ಮ ಕೇಳಿದ್ದು ನಿನ್ನ ಬಗ್ಗೆ. ನೀನು ಹೇಳಿದ್ದು ಎಲ್ಲಾ ದೇವರ ಬಗ್ಗೆ."

ನನಗೆ ಬೇಜಾರಾಯ್ತು. ನಾನೇನು ಕೆಟ್ಟದ್ದು ಹೇಳಿದೆ? ಜಗಳ ಆಡಲಿಲ್ಲ, ಹೀಯಾಳಿಸಲಿಲ್ಲ. ಅವರ ದೇವರಿಗೆ ನಮ್ಮ ಮನೆಯಲ್ಲೂ ಒಂದು ಜಾಗ ಕೊಟ್ಟೆ. ಅದರಲ್ಲಿ ತಪ್ಪೇನು ಅಂತ ನನಗೆ ಅರ್ಥವಾಗಿದ್ದು, ವಿಚಿತ್ರ ಅನ್ನಿಸಬಹುದು, ಯಹೂದಿಗಳಿಂದ.

ನಮ್ಮ ಕಂಪನಿಯ ತೆಲ್ ಅವೀವ್ ಆಫೀಸಿನ ಒಬ್ಬ ಸಹೋದ್ಯೋಗಿ ಜನವರಿಯಲ್ಲಿ ಇಲ್ಲಿಗೆ ಬಂದಿದ್ದ. ಕ್ಯಾಂಟೀನಿನಲ್ಲಿ ಸುಮ್ಮನೆ ಕೇಳಿದೆ: ಯೇಸು ಹುಟ್ಟಿದ್ದು ನಿಮ್ಮ ಜನದಲ್ಲೇ ಅಲ್ವಾ, ನೀವು ಯಾಕೆ ಒಪ್ಪಲ್ಲ? ಅವನು ನಕ್ಕ. "ಒಪ್ಪೋದು ಬಿಡೋದು ಅಂತ ನಮ್ಮ ಮನೇಲಿ ಮಾತೇ ಬರ್ತಿರಲಿಲ್ಲ. ಪಕ್ಕದ ಬೀದಿಯವರ ತಾತನ ಬಗ್ಗೆ ನೀವು ದಿನಾ ಮಾತಾಡ್ತೀರಾ?" ಅಂದ.

ಆ ಉತ್ತರ ತಲೆಯಲ್ಲೇ ಉಳಿಯಿತು. ಆಮೇಲೆ ಒಂದಷ್ಟು ಓದಿದೆ. ಯಹೂದಿ ಧರ್ಮಕ್ಕೆ ಯೇಸು ವೈರಿಯೂ ಅಲ್ಲ, ಪ್ರವಾದಿಯೂ ಅಲ್ಲ. ಅವರ ಪ್ರಾರ್ಥನೆಯಲ್ಲಿ, ಹಬ್ಬದಲ್ಲಿ, ಕರ್ಮದಲ್ಲಿ ಆ ಹೆಸರಿಗೆ ಕೆಲಸವೇ ಇಲ್ಲ. ಆತ ಯಹೂದಿ ತಾಯಿಯ ಮಗ, ಎಂಟನೇ ದಿನ ಸುನ್ನತಿಯಾದವನು, ಸಿನಗಾಗಿನಲ್ಲಿ ಪ್ರವಾದಿ ಯೆಶಾಯನ ಗ್ರಂಥ ಓದಿದವನು ಅನ್ನುವುದು ಕ್ರೈಸ್ತರ ಸುವಾರ್ತೆಗಳಲ್ಲೇ ಇದೆ. ಅದರ ಬಗ್ಗೆ ತಕರಾರಿಲ್ಲ. ತಕರಾರು ಶುರುವಾಗುವುದು "ಕ್ರಿಸ್ತ" ಅನ್ನುವ ಎರಡನೇ ಪದದಲ್ಲಿ.

ನಾವು ಯೇಸುಕ್ರಿಸ್ತ ಅಂತ ಹೆಸರು ಮತ್ತು ಇನಿಷಿಯಲ್ ಥರ ಒಟ್ಟಿಗೆ ಹೇಳಿಬಿಡುತ್ತೇವೆ. ಕ್ರಿಸ್ತ ಅನ್ನುವುದು ಹೀಬ್ರೂವಿನ "ಮಷೀಯಾಖ್" ಪದದ ಗ್ರೀಕ್ ಅನುವಾದ, ಅಂದರೆ ಅಭಿಷಿಕ್ತ. ಯಹೂದಿಗಳು ಕಾಯುವ ಅಭಿಷಿಕ್ತ ದಾವೀದನ ವಂಶದ ಒಬ್ಬ ಮನುಷ್ಯ, ಒಬ್ಬ ರಾಜ. ಅವನು ಬಂದಾಗ ಚದುರಿದ ಜನ ಮನೆಗೆ ಮರಳಬೇಕು, ಜೆರುಸಲೇಮಿನ ದೇವಾಲಯ ಎದ್ದು ನಿಲ್ಲಬೇಕು, ಯುದ್ಧಗಳು ನಿಲ್ಲಬೇಕು. ಅವು ಯಾವುವೂ ಆಗಲಿಲ್ಲ. ಆದ್ದರಿಂದ ಬರಬೇಕಾದವನು ಇನ್ನೂ ಬಂದಿಲ್ಲ. ಕ್ರೈಸ್ತರು ಇದಕ್ಕೆ, ಆತ ಮತ್ತೆ ಬರುತ್ತಾನೆ, ಬಾಕಿಯದ್ದು ಆಗ ಪೂರ್ತಿಯಾಗುತ್ತದೆ ಅನ್ನುತ್ತಾರೆ.

ಎರಡನೆಯದು ಇನ್ನೂ ಗಟ್ಟಿಯಾದ ಗೋಡೆ. ದೇವರು ಮನುಷ್ಯನಾಗಿ ಹುಟ್ಟುವುದನ್ನು ಯಹೂದಿ ಧರ್ಮ ಒಪ್ಪುವುದಿಲ್ಲ. ದೇವರು ಒಬ್ಬನೇ ಅನ್ನುವುದು ಅವರು ದಿನಕ್ಕೆರಡು ಸಲ ಹೇಳುವ ಮಾತು. ನಮ್ಮ ಕಡೆ ಕಮ್ಮಸಂದ್ರದ ಕೋಟಿಲಿಂಗೇಶ್ವರಕ್ಕೆ ಹೋಗಿದ್ದರೆ ನಿಮಗೆ ಗೊತ್ತಿರುತ್ತೆ, ದುಡ್ಡು ಕಟ್ಟಿದರೆ ನಿಮ್ಮ ಹೆಸರಲ್ಲೂ ಒಂದು ಲಿಂಗ ನಿಲ್ಲಿಸುತ್ತಾರೆ. ಇನ್ನೊಂದಕ್ಕೆ ಅಲ್ಲಿ ಯಾವಾಗಲೂ ಜಾಗ ಇದೆ. ನಾನು ಬೆಳೆದಿದ್ದು ಆ ಲೆಕ್ಕದಲ್ಲಿ. ಯಹೂದಿಗಳ ಲೆಕ್ಕದಲ್ಲಿ ಇನ್ನೊಂದನ್ನು ಸೇರಿಸಿದರೆ ಮೊದಲನೆಯದೇ ಕೆಡುತ್ತದೆ.

ಈ "ಇಲ್ಲ"ಕ್ಕೆ ಅವರು ತೆತ್ತ ಬೆಲೆ ಸಣ್ಣದಲ್ಲ. ಅವರ ತಾಲ್ಮೂದ್ ಗ್ರಂಥದಲ್ಲಿ ಯೇಸುವಿನ ನಿಂದನೆ ಇದೆ ಎಂದು 1240ರಲ್ಲಿ ಪ್ಯಾರಿಸ್‌ನಲ್ಲಿ ವಿಚಾರಣೆ ನಡೆಯಿತು. ಆಮೇಲೆ ಗಾಡಿಗಟ್ಟಲೆ ಹಸ್ತಪ್ರತಿಗಳನ್ನು ಸುಟ್ಟರು. ಅಲ್ಲಿ ಕೆಲವು ಕಟುವಾದ ಸಾಲುಗಳಿರುವುದು ನಿಜ. ಅವು ಈ ಯೇಸುವಿನ ಬಗ್ಗೆಯೇ ಹೌದೋ ಅಲ್ಲವೋ ಅಂತ ವಿದ್ವಾಂಸರು ಇವತ್ತಿಗೂ ವಾದಿಸುತ್ತಾರೆ. 1263ರಲ್ಲಿ ಬಾರ್ಸಿಲೋನಾದಲ್ಲಿ ಅರಗಾನ್ ರಾಜನ ಎದುರು ನಹ್ಮನಿಡಿಸ್ ಎಂಬ ರಬ್ಬಿ ವಾದಕ್ಕೆ ನಿಂತರು. ಮೆಸ್ಸೀಯ ಬಂದಿದ್ದರೆ ಲೋಕದಲ್ಲಿ ಇಷ್ಟು ಹಿಂಸೆ ಯಾಕೆ ಉಳಿದಿದೆ ಅಂತ ರಾಜನ ಮುಖಕ್ಕೇ ಕೇಳಿದರು. ಕೆಲವೇ ವರ್ಷಗಳಲ್ಲಿ ಅವರು ದೇಶ ಬಿಡಬೇಕಾಯಿತು. ಯೇಸುವಿನ ಸಾವಿಗೆ ಇಡೀ ಯಹೂದಿ ಜನಾಂಗವನ್ನು ದೂಷಿಸುವುದು ತಪ್ಪು ಎಂದು ಕ್ಯಾಥೋಲಿಕ್ ಚರ್ಚ್ ಅಧಿಕೃತವಾಗಿ ಹೇಳಿದ್ದು 1965ರಲ್ಲಿ.

ಇಷ್ಟಾದರೂ ಆ "ಇಲ್ಲ" ಬರೀ ಬಾಗಿಲು ಮುಚ್ಚುವ ಮಾತಾಗಲಿಲ್ಲ. 12ನೇ ಶತಮಾನದ ಮೈಮೊನಿಡಿಸ್, ಯೇಸು ಮೆಸ್ಸೀಯ ಅಲ್ಲವೇ ಅಲ್ಲ ಅಂತ ಖಡಾಖಂಡಿತವಾಗಿ ಬರೆದವರು. ಅದೇ ಜಾಗದಲ್ಲಿ, ಆತನ ಮತ್ತು ಮಹಮ್ಮದರ ಅನುಯಾಯಿಗಳಿಂದ ತೋರಾದ ಮಾತು ದೂರದ ದ್ವೀಪಗಳಿಗೂ ತಲುಪಿ, ಬರಬೇಕಾದವನಿಗೆ ದಾರಿ ಸಿದ್ಧವಾಯಿತು ಅಂತಲೂ ಬರೆದರು. 1922ರಲ್ಲಿ ಜೋಸೆಫ್ ಕ್ಲೌಸ್ನರ್ ಜೆರುಸಲೇಮಿನಲ್ಲಿ ಕೂತು, ಹೀಬ್ರೂವಿನಲ್ಲೇ ಯೇಸುವಿನ ಬಗ್ಗೆ ದೊಡ್ಡ ಪುಸ್ತಕ ಬರೆದು, ಆತನನ್ನು ಯಹೂದಿ ನೀತಿಬೋಧಕನಾಗಿ ನೋಡಿದರು. ಮಾರ್ಟಿನ್ ಬೂಬರ್ ಅಣ್ಣ ಅಂತ ಕರೆದರು. ಅಣ್ಣ ಸರಿ, ದೇವರಲ್ಲ.

ಇದೆಲ್ಲ ನಮ್ಮೂರಿಗೆ ದೂರದ ಕತೆಯೇನಲ್ಲ. ಕೋಲಾರದ ಚಿನ್ನದ ಸುದ್ದಿ ಸೆಳೆದು ಇರಾಕಿನಿಂದ ಈ ಕಡೆ ಬಂದವರು ರೂಬಿನ್ ಮೋಸೆಸ್ ಎಂಬ ಯಹೂದಿ. ಬೆಂಗಳೂರಿನ ಕಮರ್ಷಿಯಲ್ ಸ್ಟ್ರೀಟ್‌ನಲ್ಲಿ ಅವರ ಚಪ್ಪಲಿ ಅಂಗಡಿ ಹೆಸರಾಗಿತ್ತು. ಮೈಸೂರು ರಸ್ತೆಯಲ್ಲಿ 1904ರಿಂದ ಒಂದು ಸಣ್ಣ ಯಹೂದಿ ಸ್ಮಶಾನ ಇದೆ. ಅದಕ್ಕೆ ಜಾಗ ಕೊಟ್ಟವರು ನಾಲ್ವಡಿ ಕೃಷ್ಣರಾಜ ಒಡೆಯರ್. ನೀವೂ ನಮ್ಮ ಹಾಗೇ ಅಲ್ವಾ ಅಂತ ಅವರನ್ನು ಯಾರೂ ಅವತಾರದ ಪಟ್ಟಿಗೆ ಸೇರಿಸಲಿಲ್ಲ. ಬೇರೆಯವರಾಗಿಯೇ ಮಣ್ಣಾಗಲು ಜಾಗ ಸಿಕ್ಕಿತು.

ಇನ್ನೂ ಹತ್ತಿರದ ಉದಾಹರಣೆ ಬೇಕಾ? ನೂರು ವರ್ಷಕ್ಕೂ ಹಿಂದೆ, ಪಂಡಿತ ಅಯೋತಿ ದಾಸರ ಶಾಕ್ಯ ಬೌದ್ಧ ಸಂಘಕ್ಕೆ ಮಾರಿಕುಪ್ಪಂನಲ್ಲಿ ಶಾಖೆ ಇತ್ತು. ಗಣಿಗೆ ಇಳಿಯುತ್ತಿದ್ದ ತಮಿಳು ದಲಿತರು ಅಲ್ಲಿ ಬೌದ್ಧರಾದರು. ಅವರ ಮುಂದೆ ನಿಂತು "ಬುದ್ಧನೂ ನಮ್ಮ ವಿಷ್ಣುವಿನ ಅವತಾರವೇ" ಅಂದರೆ ಅದು ಔದಾರ್ಯವಾ? 1956ರ ಅಕ್ಟೋಬರ್ 14ರಂದು ನಾಗಪುರದಲ್ಲಿ ಅಂಬೇಡ್ಕರ್ ಜನರಿಗೆ ಬೋಧಿಸಿದ 22 ಪ್ರತಿಜ್ಞೆಗಳಲ್ಲಿ, ಬುದ್ಧ ವಿಷ್ಣುವಿನ ಅವತಾರ ಎಂದು ನಂಬುವುದಿಲ್ಲ ಅನ್ನುವುದೂ ಒಂದು. ಒಂದು ಮನೆಯಿಂದ ಕಷ್ಟಪಟ್ಟು ಹೊರಗೆ ಬಂದವರನ್ನು, ಬಾ ಇದೂ ನಿನ್ನ ಮನೆಯೇ ಅಂತ ಕೈ ಹಿಡಿದು ಒಳಗೆ ಎಳೆಯುವುದು ಅದು. ಆಂಟಿಯ ಯೇಸುವನ್ನು ನಾನು ಅವತಾರ ಅಂದಾಗ ಮಾಡಿದ್ದೂ ಅದನ್ನೇ. ಅವರ ಪಾಲಿಗೆ ಆತ ಹಲವರಲ್ಲಿ ಒಬ್ಬನಲ್ಲ. ನಾನು ಹಲವರಲ್ಲಿ ಒಬ್ಬನನ್ನಾಗಿ ಮಾಡಿ, ಅದನ್ನೇ ಗೌರವ ಅಂದುಕೊಂಡೆ.

ಹಾಗಂತ "ಎಲ್ಲಾ ಒಂದೇ" ಅನ್ನುವ ಮಾತನ್ನೇ ಸುಳ್ಳು ಅನ್ನಲಾರೆ. ನಮ್ಮಮ್ಮನ ದೇವರ ಕೋಣೆಯಲ್ಲಿ ವೇಲಾಂಕಣಿ ಮಾತೆಯ ಫೋಟೋ ಇದೆ. ನನಗೆ ಟೈಫಾಯಿಡ್ ಆದಾಗ ಅಮ್ಮ ಹರಕೆ ಹೊತ್ತು, ಆಮೇಲೆ ಹೋಗಿ ತೀರಿಸಿ ಬಂದವರು. ಅವರು "ನಮ್ಮ ದೇವರೇ" ಅಂದರೆ ಅದರ ಹಿಂದೆ ಹರಕೆ ಇದೆ, ಬಸ್ಸಿನ ಪ್ರಯಾಣ ಇದೆ. ನಾನೋ, ಅಮ್ಮನ ದೇವರಿಗೂ ಸರಿಯಾಗಿ ಕೈ ಮುಗಿಯದವನು. ನನ್ನ ಬಾಯಲ್ಲಿ ಅದೇ ಮಾತು ಮೀಟಿಂಗಿನಲ್ಲಿ "ನೋಡೋಣ, ಮಾಡೋಣ" ಅಂತೀವಲ್ಲ, ಅಷ್ಟೇ ತೂಕದ್ದು. ಎದುರಿಗಿರುವವರ ಪ್ರಶ್ನೆಯನ್ನು ನಯವಾಗಿ ಮುಗಿಸಿಬಿಡುವ ಉಪಾಯ.

ಮತ್ತೆ ಆಂಟಿಗೆ ಆ ಉತ್ತರ ಸುಮ್ಮನೆ ಬೇಕಾಗಿರಲಿಲ್ಲ. ಕ್ಯಾಥೋಲಿಕ್ ಹುಡುಗಿ ಬೇರೆ ಧರ್ಮದವನನ್ನು ಚರ್ಚಿನ ಪ್ರಕಾರ ಮದುವೆಯಾಗಲು ಬಿಷಪ್ ಅನುಮತಿ ಬೇಕು. ಮಕ್ಕಳಿಗೆ ಜ್ಞಾನಸ್ನಾನ ಮಾಡಿಸಿ ಅದೇ ನಂಬಿಕೆಯಲ್ಲಿ ಬೆಳೆಸಲು ಕೈಲಾದ್ದೆಲ್ಲ ಮಾಡುತ್ತೇನೆ ಅಂತ ಅವಳು ಮಾತು ಕೊಡಬೇಕು. ಆ ಮಾತು ನನಗೆ ತಿಳಿದಿರಬೇಕು. ಅಂದರೆ ನಾನು ನಂಬದವನು ಅಂತ ಚರ್ಚೇ ಒಪ್ಪಿಕೊಂಡು, ಅದಕ್ಕೊಂದು ದಾರಿ ಇಟ್ಟಿದೆ. ನಂಬದವನು ಅಂತ ಹೇಳಿಕೊಳ್ಳಲು ಹೆದರಿದ್ದು ನಾನೊಬ್ಬನೇ.

ಈಸ್ಟರ್ ಆದ ಮುಂದಿನ ಭಾನುವಾರ ಮತ್ತೆ ಹೋದೆ. ಅಂಕಲ್ ಸೈನೈಡ್ ದಿಬ್ಬದ ಕಡೆ ವಾಕಿಂಗ್ ಹೋಗಿದ್ದರು. ಆಂಟಿ ಅಕ್ಕಿ ಆರಿಸುತ್ತಿದ್ದರು.

"ಆಂಟಿ, ಅವತ್ತು ನೀವು ಕೇಳಿದ್ದಕ್ಕೆ ನಾನು ಸರಿಯಾಗಿ ಹೇಳ್ಲಿಲ್ಲ. ನೀವು ನಂಬೋ ಹಾಗೆ ನಾನು ಯೇಸುನ ನಂಬಲ್ಲ. ನಂಬ್ತೀನಿ ಅಂತ ಸುಳ್ಳು ಹೇಳಿ ಈ ಮನೆಗೆ ಬರೋಕೆ ಇಷ್ಟ ಇಲ್ಲ."

ಅವರು ಮೊರದಿಂದ ಕಣ್ಣು ಎತ್ತಲಿಲ್ಲ. ತುಂಬಾ ಹೊತ್ತಾದ ಮೇಲೆ, "ಅವಳು ಚರ್ಚಿಗೆ ಹೋದ್ರೆ?" ಅಂದರು.

"ಬಾಗಿಲವರೆಗೂ ಬರ್ತೀನಿ. ಕರೆದ್ರೆ ಒಳಗೂ ಬರ್ತೀನಿ."

"ಮಕ್ಕಳಾದ್ರೆ?"

"ಅದು ಇನ್ನೂ ಗೊತ್ತಿಲ್ಲ ಆಂಟಿ. ಇಬ್ಬರೂ ಮಾತಾಡ್ತಿದೀವಿ. ಜಗಳನೂ ಆಗಿದೆ."

ಅವರಿಗೆ ಖುಷಿಯಾಗಲಿಲ್ಲ. ಮುಖ ನೋಡಿದರೇ ಗೊತ್ತಾಗುತ್ತಿತ್ತು. ಆದರೆ ಈ ಸಲ ಎದ್ದು ಒಳಗೆ ಹೋಗಲಿಲ್ಲ. ಮೊರವನ್ನು ನನ್ನ ಕಡೆ ತಳ್ಳಿ, "ಸುಮ್ನೆ ಕೂತಿದ್ಯಲ್ಲ, ಇದನ್ನ ಆರಿಸು. ಊಟ ಮಾಡ್ಕೊಂಡೇ ಹೋಗು," ಅಂದರು.